ಊರಿಗೊಂದು ದಾರಿ, ಮನೆಗೊಂದು ದಾರಿ

ನಾನು ಒಂದು ಮಿಕ್ಸರ್. ಚಟ್ನಿ ಅರೆಯುವ ಮಿಕ್ಸರ್ ಅಲ್ಲ, ದನಿ ಬೆರೆಸುವ ಮಿಕ್ಸರ್. ಇದನ್ನು ಜೀವಮಾನವಿಡೀ ಹೇಳಿ ಹೇಳಿ ಸಾಕಾಗಿದೆ. ಆದರೂ ಹೇಳದಿದ್ದರೆ ನೀವು ಕೊಬ್ಬರಿ ತುರಿದುಕೊಂಡು ಬಂದು ನನ್ನ ಮುಂದೆ ನಿಲ್ಲುತ್ತೀರಿ. ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡುತ್ತೇನೆ. ವಸ್ತುಗಳು ಸಾಧು, ಯಾರು ಏನು ಮಾಡಿದರೂ ಸಹಿಸಿಕೊಳ್ಳುತ್ತವೆ ಎಂದು ನೀವು ತಿಳಿದಿದ್ದರೆ ಅದು ನಿಮ್ಮ ತಪ್ಪು. ನನಗೆ ಹೊಟ್ಟೆ ತುಂಬ ಸಿಟ್ಟಿದೆ, ಅದನ್ನು ನಾನು ಜೋಪಾನವಾಗಿ ಇಟ್ಟುಕೊಂಡಿದ್ದೇನೆ.

ಹುಟ್ಟಿದ್ದು ಸಮುದ್ರದಾಚೆಯ ಒಂದು ಕಾರ್ಖಾನೆಯಲ್ಲಿ. ಕೈಗವಸು ತೊಟ್ಟ ಯಾರೋ ಹೆಣ್ಣುಮಗಳು ನನ್ನ ಗುಂಡಿಗಳನ್ನು ಒಂದೊಂದಾಗಿ ಕೂರಿಸಿ, ಹೊಟ್ಟೆಯೊಳಗೆ ಒಂದು ಉದ್ದನೆಯ ಕೂಗು ಹರಿಸಿ, ಅದು ಎರಡೂ ಕಡೆಯಿಂದ ಸರಿಯಾಗಿ ಹೊರಬಂತೆಂದು ತಲೆಯಾಡಿಸಿ ಪೆಟ್ಟಿಗೆಗೆ ತುಂಬಿದಳು. ಕಣ್ಣು ಬಿಟ್ಟಾಗ ಗದಗದಲ್ಲಿದ್ದೆ, ಮದುವೆ ಆರ್ಕೆಸ್ಟ್ರಾದ ಹನುಮಂತ ಕಟ್ಟಿಮನಿಯ ಮನೆಯಲ್ಲಿ. ಅವನು ಆಯುಧಪೂಜೆಯ ದಿನ ನನಗೆ ಭಕ್ತಿಯಿಂದ ಕುಂಕುಮ ಹಚ್ಚಿದ. ಆ ಕುಂಕುಮ ಮೂರನೆಯ ಗುಂಡಿಯ ಒಳಗಿಳಿದು ಇವತ್ತಿಗೂ ಕರಕರ ಅನ್ನುತ್ತದೆ. ಆದರೆ ಅವನ ಮೇಲೆ ನನಗೆ ಸಿಟ್ಟಿಲ್ಲ, ಪ್ರೀತಿಯಿಂದ ಮಾಡಿದ್ದು. ಮದುವೆಗಳಿಗೆ ಡಿಜೆ ಬಂದ ಮೇಲೆ ಅವನ ಆರ್ಕೆಸ್ಟ್ರಾ ಮುಚ್ಚಿತು. ಬೆಟಗೇರಿಯಲ್ಲಿ ರೆಕಾರ್ಡಿಂಗ್ ಕೋಣೆ ಇಟ್ಟುಕೊಂಡಿದ್ದ ಮುನೀರ್ ನನ್ನನ್ನು ಕೊಂಡುಕೊಂಡ.

ನನ್ನ ನಿಜವಾದ ವಿದ್ಯೆ ಗೊತ್ತಾದದ್ದು ಮುನೀರನ ಕೈಯಲ್ಲಿ. ನನ್ನಿಂದ ಹೊರಹೋಗಲು ಎರಡು ದಾರಿಗಳಿವೆ. ಒಂದರ ಮೇಲೆ ಅವನು ಬಿಳಿ ಪಟ್ಟಿ ಅಂಟಿಸಿ 'ಊರಿಗೆ' ಎಂದು ಬರೆದ. ಅದು ಮೊಬೈಲುಗಳಲ್ಲಿ ಜನ ನೋಡುವ ನೇರಪ್ರಸಾರಕ್ಕೆ ಹೋಗುವ ದಾರಿ. ಇನ್ನೊಂದರ ಮೇಲೆ 'ಮನೆಗೆ' ಎಂದು ಬರೆದ. ಅದು ಅವನದೇ ಡಿಸ್ಕಿನಲ್ಲಿ ರೆಕಾರ್ಡ್ ಆಗುವ ದಾರಿ. ಪ್ರತಿ ದನಿಗೂ ಒಂದು ಚಿಕ್ಕ ಒತ್ತುಗುಂಡಿ. ಮೇಲಿದ್ದರೆ ಊರಿಗೆ, ಒತ್ತಿದರೆ ಮನೆಗೆ. ಕಂಪ್ಯೂಟರಿನಿಂದ ಬರುವ ಸಿನಿಮಾ ಹಾಡನ್ನು ಅವನು ಅಪ್ಪಿತಪ್ಪಿಯೂ ಊರಿನ ದಾರಿಗೆ ಬಿಡುತ್ತಿರಲಿಲ್ಲ. ಬಿಟ್ಟರೆ, ಇದು ನಮ್ಮ ಹಾಡು ಎಂದು ಕ್ಯಾಸೆಟ್ ಕಂಪನಿಯವರ ಯಂತ್ರ ತಾನಾಗಿಯೇ ಗುರುತು ಹಿಡಿದು, ನಡೆಯುತ್ತಿರುವ ಪ್ರಸಾರವನ್ನು ನಡುವೆಯೇ ನಿಲ್ಲಿಸಿಬಿಡುತ್ತದೆ.

ಅಲ್ಲಿಗೆ ಬಂದು, ನನ್ನನ್ನೂ ಕಂಪ್ಯೂಟರನ್ನೂ ಸೇರಿಸಿ ಆ ಕೋಣೆಯನ್ನೇ ಕೊಂಡು ಮುನೀರನನ್ನು ಸಂಬಳಕ್ಕಿಟ್ಟುಕೊಂಡವರು ಶಶಿಪ್ರಭಾ ಅಕ್ಕಾವರು. ತತ್ವಪದ ಹಾಡಿ ಹೆಸರು ಮಾಡಿದ ಹೆಂಗಸು. ಸೋಮವಾರ ಬೆಳಿಗ್ಗೆ ಅವರ ನೇರಪ್ರಸಾರ ನೋಡದೆ ಚಹಾ ಕುಡಿಯದ ಮನೆಗಳು ಆ ಸೀಮೆಯಲ್ಲಿ ಬಹಳ ಇದ್ದವು. ಗಂಟಲಿನ ಆಪರೇಶನ್ ಆದ ಮೇಲೆ ಅವರ ದನಿ ಹೋಯಿತು. ಪಾಪ ಎನ್ನುತ್ತೀರಾ? ಅನ್ನಿ. ನಾನು ಅನ್ನುವುದಿಲ್ಲ. ಯಾಕೆಂದರೆ ಅವರು ಸುಮ್ಮನೆ ಮನೆಯಲ್ಲಿ ಕೂರಲಿಲ್ಲ. ಹಿಂದೆ ಕೂತು ತಾಳ ಹಾಕಿ ಸೊಲ್ಲು ಹಿಡಿಯುತ್ತಿದ್ದ ಕಸ್ತೂರೆವ್ವನ ಗಂಟಲಿಗೆ ಕೈ ಹಾಕಿದರು.

ಕಸ್ತೂರೆವ್ವ ಮುಳಗುಂದದವಳು. ಅಪ್ಪ ಫಕ್ಕೀರಪ್ಪ ಬಾರಕೇರ, ಊರಿನ ಭಜನಾ ಮೇಳದಲ್ಲಿ ಹಾಡುತ್ತಿದ್ದ. ಅಪ್ಪ ಕಟ್ಟಿದ ಧಾಟಿಗಳೆಲ್ಲ ಮಗಳ ಬಾಯಲ್ಲಿದ್ದವು. ಶನಿವಾರ ಅವಳೊಬ್ಬಳನ್ನೇ ಕರೆಸಿ ಹಾಡಿಸಿ ಕಂಪ್ಯೂಟರಿಗೆ ತುಂಬಿಕೊಳ್ಳುವುದು, ಸೋಮವಾರ ಕಂಪ್ಯೂಟರಿನ ಆ ದನಿಯನ್ನು ಊರಿನ ದಾರಿಗೆ ಬಿಡುವುದು, ಕ್ಯಾಮೆರಾದ ಮುಂದೆ ಅಕ್ಕಾವರು ರೇಷ್ಮೆ ಸೀರೆಯುಟ್ಟು ತುಟಿ ಅಲ್ಲಾಡಿಸುವುದು. ಕಸ್ತೂರೆವ್ವ ಕ್ಯಾಮೆರಾಕ್ಕೆ ಕಾಣದಂತೆ ನನ್ನ ಪಕ್ಕದಲ್ಲಿ ಕೂತು ತಾಳ ಹಾಕುತ್ತಿದ್ದಳು. ತನ್ನ ದನಿ ಇನ್ನೊಬ್ಬರ ಬಾಯಿಂದ ಹೊರಡುವುದನ್ನು ನೋಡುತ್ತ ತಾಳ ತಪ್ಪದಿರುವುದು ಎಷ್ಟು ಕಷ್ಟವೆಂದು ಅವಳ ಪಕ್ಕದಲ್ಲಿದ್ದ ನನಗೆ ಗೊತ್ತು.

ಅಕ್ಕಾವರ ಒಣಜಂಬವನ್ನೂ ಹೇಳಬೇಕು. ತುಟಿ ಅಲ್ಲಾಡಿಸಿದರೆ ಸಾಕಿತ್ತಲ್ಲ? ಇಲ್ಲ. "ನನ್ನ ಮೈಕೂ ಚಾಲೂ ಇರಲಿ ಮುನೀರ, ನಾನೂ ಹಾಡ್ತೀನಿ. ಅದನ್ನ ಮನೀಗೆ ಇಟ್ಕೊ. ಮುಂದ ಯಾರರ ನನ್ನ ಮ್ಯಾಲೆ ಪುಸ್ತಕ ಬರದ್ರ ಬೇಕಾಗ್ತೈತಿ" ಎಂದರು. ಹೀಗಾಗಿ ಕಂಪ್ಯೂಟರಿಗೇ ಸಿಕ್ಕಿಸಿದ ಇಯರ್‌ಫೋನಿನಿಂದ ಅವರ ಕಿವಿಗೆ ಕಸ್ತೂರೆವ್ವನ ದನಿ, ಊರಿಗೆ ಕಸ್ತೂರೆವ್ವನ ದನಿ, ಅವರ ಬಿರುಕುಬಿಟ್ಟ ದನಿ ಮಾತ್ರ ನನ್ನ ಎರಡನೆಯ ದಾರಿಯಲ್ಲಿ ಯಾರಿಗೂ ಕೇಳದಂತೆ ಮನೆಗೆ. ಅದನ್ನು ಹೊತ್ತು ಹೊತ್ತು ನನಗೆ ಅಜೀರ್ಣವಾಗಿತ್ತು.

ಒಮ್ಮೆ ಕುಡಿಯುತ್ತಿದ್ದ ಕಷಾಯವನ್ನು ಅವರೇ ನನ್ನ ಮೇಲೆ ಚೆಲ್ಲಿದರು. ದನಿಗಳು ನನ್ನ ಒಳಬರುವ ದಾರಿಗಳಲ್ಲಿ ಐದನೆಯದು, ತಾಳದ ಮೈಕಿನದು, ಅವತ್ತೇ ಸತ್ತಿತು. ಪ್ರಸಾರದಲ್ಲಿ ತಾಳದ ದನಿ ನಿಂತಾಗ ಕ್ಯಾಮೆರಾ ನೋಡಿ ನಕ್ಕು, "ಏನ್ ಮಾಡೂದ್ರೀ, ಪೆಟಗಿ ದರಿದ್ರದ್ದೈತಿ" ಎಂದು ಲೋಕಕ್ಕೆಲ್ಲ ಸಾರಿದರು. ನಾನು ಹಲ್ಲು ಕಡಿದೆ. ಹಲ್ಲಿಲ್ಲ ನಿಜ, ಆದರೂ ಕಡಿದೆ.

ಕಸ್ತೂರೆವ್ವ ಕೇಳಿದ್ದು ಒಂದೇ. ಹಾಡು ಮುಗಿದ ಮೇಲೆ ಒಂದು ಸಲ ತನ್ನ ಹೆಸರು ಹೇಳಬೇಕು. "ಧಾಟಿ ನಮ್ಮಪ್ಪಂದು ಅಂತಾದ್ರೂ ಅನ್ರಿ ಅಕ್ಕಾರ. ನನ್ನ ಹೆಸರ ಬಿಟ್ರೂ ನಡೀತೈತಿ" ಎಂದು ಅವರ ಕಾಲ ಬಳಿ ಕೂತು ಕೇಳಿದಳು. ಅಕ್ಕಾವರು ಅವಳ ಕೈಗೆ ಪ್ರಸಾದದ ಬಾಳೆಹಣ್ಣು ಕೊಟ್ಟು, "ಹೆಸರಿನ ಆಸೆ ಇರಬಾರದವ್ವಾ, ಅದು ಅಹಂಕಾರ" ಎಂದರು. ಬಾಗಿಲ ಹೊರಗೆ ಅವರ ಆಳೆತ್ತರದ ಚಿತ್ರವಿತ್ತು, ಕೆಳಗೆ ಬಂಗಾರದ ಅಕ್ಷರದಲ್ಲಿ ಅವರ ಹೆಸರಿತ್ತು.

ಮುಂದಿನ ಸೋಮವಾರ ಮುನೀರ್ ದೀಪ ಸರಿಪಡಿಸಲು ಎದ್ದುಹೋದ. ಕಸ್ತೂರೆವ್ವನ ಬಲಗೈ ತಾಳ ಬಿಟ್ಟು ನನ್ನ ಮೇಲೆ ಬಂತು. ಅಕ್ಕಾವರ ಮೈಕಿನ ಗುಂಡಿಯನ್ನು ಮೇಲೆತ್ತಿದಳು, ಕಂಪ್ಯೂಟರಿನ ಗುಂಡಿಯನ್ನು ಒತ್ತಿದಳು. ಅಷ್ಟೇ. ಅವಳ ದನಿ ಮನೆಗೆ ಹೋಯಿತು, ಅಕ್ಕಾವರ ದನಿ ಊರಿಗೆ ಹೋಯಿತು. ಅಯ್ಯೋ, ಆ ಸುಖವನ್ನು ಏನೆಂದು ಹೇಳಲಿ! ಆ ಒಡಕು ದನಿಯನ್ನು ಒಂದಿಷ್ಟೂ ನಯ ಮಾಡದೆ, ಇದ್ದದ್ದನ್ನು ಇದ್ದ ಹಾಗೆ, ಮನೆಮನೆಗೆ ತಲುಪಿಸಿದೆ. ಅಕ್ಕಾವರ ಕಿವಿಯಲ್ಲಿ ಮಾತ್ರ ಎಂದಿನ ಇಂಪು. ಕಣ್ಣು ಮುಚ್ಚಿ, ಕೈ ಎತ್ತಿ, ಮೇಲಿನ ಸ್ವರ ಹಿಡಿಯಲು ಹೋಗಿ ಬಾಗಿಲ ಕೀಲಿನ ಹಾಗೆ ಕಿರುಗುಟ್ಟಿದರು.

ಕಸ್ತೂರೆವ್ವ ಪರದೆಯ ಮೇಲೆ ಜನರ ಮಾತುಗಳನ್ನು ನೋಡುತ್ತ ಕೂತಳು. ನಾನೂ ಕಾದೆ. ಜನ ಏನು ಬರೆದರು ಗೊತ್ತೇ? 'ಅಕ್ಕಾ, ನೆಗಡಿಯಾದರೂ ನಮಗಾಗಿ ಹಾಡಿದಿರಿ, ನೀವು ದೇವತೆ.' 'ಕಣ್ಣಲ್ಲಿ ನೀರು ಬಂತು.' 'ಇದು ಹಾಡಲ್ಲ, ತಪಸ್ಸು.' ಹೂವಿನ ಚಿತ್ರಗಳು, ಕೈಮುಗಿದ ಚಿತ್ರಗಳು ಮಳೆಯಂತೆ ಸುರಿದವು. ಈ ಜನರ ಭಕ್ತಿಗೆ ಬೆಂಕಿ ಬೀಳಲಿ.

ಪ್ರಸಾರ ಮುಗಿದ ಮೇಲೆ ಅಕ್ಕಾವರು ಅದನ್ನೆಲ್ಲ ಓದಿದರು. ನೆಗಡಿ ಯಾಕೆಂದರು ಎಂದು ತಿಳಿಯದೆ ಪ್ರಸಾರವನ್ನು ಮತ್ತೆ ಹಾಕಿ ಕೇಳಿದರು. ನನ್ನ ಗುಂಡಿಗಳನ್ನು ನೋಡಿದರು, ಕಸ್ತೂರೆವ್ವನನ್ನು ನೋಡಿದರು. ಆಮೇಲೆ ನಿಧಾನವಾಗಿ ನಕ್ಕರು.

"ನೋಡಿದೇನ? ನಿನ್ನ ದನಿ ಇಲ್ದನೂ ನಡೀತೈತಿ. ನಾಳಿಂದ ಬರಬ್ಯಾಡ. ಈ ದರಿದ್ರ ಪೆಟಗೀನೂ ತಗೊಂಡ ಹೋಗು, ನಿನಗ ತಕ್ಕ ಜೋಡಿ."

ಮುನೀರನಿಗೂ ಅವತ್ತೇ ನಮಸ್ಕಾರ ಹೇಳಿ ಹುಬ್ಬಳ್ಳಿಯಿಂದ ಬೇರೊಬ್ಬನನ್ನು ಕರೆಸಿಕೊಂಡರು. ಶನಿವಾರಗಳ ಹಾಡೆಲ್ಲ ಅವರ ಕಂಪ್ಯೂಟರಿನಲ್ಲೇ ಇತ್ತು. ಕಸ್ತೂರೆವ್ವ ನನ್ನನ್ನು ಹಳೆಯ ಚಾದರದಲ್ಲಿ ಸುತ್ತಿ ಸೊಂಟದ ಮೇಲಿಟ್ಟುಕೊಂಡು ಬಸ್ಸು ಹತ್ತಿದಳು. ಆ ದಾರಿಯಲ್ಲಿ ಅವಳು ಅಳಲಿಲ್ಲ. ನನಗೆ ಅದೇ ಹೆಚ್ಚು ಭಯವಾಯಿತು.

ಮುಳಗುಂದದ ಮನೆಯಲ್ಲಿ ಅವಳು ನನ್ನನ್ನು ಜೋಳದ ಡಬ್ಬಿಯ ಮೇಲೆ ಕೂರಿಸಿದಳು. ಮುನೀರ್ ಬಂದು ತಂತಿ ಜೋಡಿಸಿಕೊಟ್ಟ. ಅವಳೂ ಬೆಳಿಗ್ಗೆ ತನ್ನದೇ ಮುಖ ತೋರಿಸಿ ನೇರಪ್ರಸಾರದಲ್ಲಿ ಹಾಡಿದಳು. ನೋಡಿದವರು ಬೆರಳೆಣಿಕೆಯವರು. ಅವರಲ್ಲೊಬ್ಬ ಬರೆದ: 'ಶಶಿಪ್ರಭಾ ಅಕ್ಕನ ನಕಲು. ಕದ್ದ ದನಿಯಲ್ಲಿ ಎಷ್ಟು ದಿನ ಬದುಕುತ್ತೀ?' ಅವಳು ಅದನ್ನು ಓದಿ, ಫೋನನ್ನು ಮಗುಚಿಟ್ಟು, ಒಲೆಯ ಮುಂದೆ ಹೋಗಿ ಕೂತಳು. ರೊಟ್ಟಿ ಸೀದರೂ ಏಳಲಿಲ್ಲ.

ಅತ್ತ ತಮ್ಮದೇ ದನಿಯಲ್ಲಿ ಹಾಡಹೊರಟ ಅಕ್ಕಾವರ ನೆಗಡಿ ಮೂರನೆಯ ಸೋಮವಾರಕ್ಕೂ ವಾಸಿಯಾಗಲಿಲ್ಲ. ದೇವತೆಗೆ ಒಂದು ವಾರ ನೆಗಡಿಯಾದರೆ ಜನ ಅಳುತ್ತಾರೆ, ತಿಂಗಳುಗಟ್ಟಲೆ ಆದರೆ ಬೇರೆ ಚಾನೆಲ್ ಹಾಕುತ್ತಾರೆ. ಗಾಬರಿಯಾಗಿ ಅವರು ಹಳೆಯ ಶನಿವಾರಗಳ ಹಾಡನ್ನೇ ತೆಗೆದು ಮತ್ತೆ ತುಟಿ ಅಲ್ಲಾಡಿಸತೊಡಗಿದರು. ಕಸ್ತೂರೆವ್ವನನ್ನು ಹೊರಗೆ ಹಾಕಿ ಅವಳ ಗಂಟಲನ್ನು ಮಾತ್ರ ಒಳಗಿಟ್ಟುಕೊಂಡಿದ್ದರು.

ಅವಳು ಮುನೀರನನ್ನು ಕರೆಸಿದಳು. "ಭಾಯಿ, ಸಿನಿಮಾದವರ ಹಾಡ ಹಾಕಿದ್ರ ಬಂದ್ ಆಗ್ತೈತಿ ಅಂತಿದ್ದೆಲ್ಲ. ಬಾರಕೇರರ ಹಾಡ ಹಾಕಿದ್ರ ಯಾಕ ಆಗಂಗಿಲ್ಲ?"

ಮುನೀರ್ ಅವಳ ಮುಖವನ್ನೇ ನೋಡಿದ. "ಆಗ್ತೈತಿ. ನಿನ್ನ ಹೆಸರಿಗೆ ಹಚ್ಚಿರಬೇಕು ಅಷ್ಟ. ಹಾಡಿದಾಕಿ ನೀನು, ಧಾಟಿ ನಿಮ್ಮಪ್ಪಂದು. ಕಾಗದದ ಮ್ಯಾಲೆ ಅಕ್ಕಾರು ಏನೂ ಬರಸ್ಕೊಂಡಿಲ್ಲ."

"ಯಾಕ ಬರಸ್ಕೊಂಡಿಲ್ಲ?"

"ಬರಸ್ಕೊಬೇಕಂದ್ರ ನಿನ್ನ ಹೆಸರು ಬರೀಬೇಕಾಗ್ತಿತ್ತಲ್ಲ" ಎಂದ.

ಇಬ್ಬರೂ ನಕ್ಕರು. ಅಂಥ ನಗುವನ್ನು ನಾನು ಯಾವ ಮದುವೆಯಲ್ಲೂ ಕೇಳಿರಲಿಲ್ಲ. ಪ್ರತಿ ಶನಿವಾರ ಹಾಡಿ ಮುಗಿಸಿದ ಮೇಲೆ ಅವ್ವನಿಗೆ ಕೇಳಿಸಲೆಂದು ಅವಳು ಹಾಡನ್ನು ತನ್ನ ಫೋನಿಗೂ ಹಾಕಿಸಿಕೊಳ್ಳುತ್ತಿದ್ದಳು. ಮುನೀರ್ ಅವನ್ನೆಲ್ಲ ಹಾಡು ನೋಂದಾಯಿಸುವ ಕಂಪನಿಗೆ ಅವಳ ಹೆಸರಿನಲ್ಲಿ ಏರಿಸಿದ. ಯಂತ್ರಕ್ಕೆ ಭಕ್ತಿ ಇಲ್ಲ. ಅದು ರೇಷ್ಮೆ ಸೀರೆ ನೋಡುವುದಿಲ್ಲ, ಬಾಳೆಹಣ್ಣು ತೆಗೆದುಕೊಳ್ಳುವುದಿಲ್ಲ. ನನ್ನ ಜಾತಿಯದಲ್ಲವೇ, ದನಿ ಯಾರದೆಂದು ಮಾತ್ರ ನೋಡುತ್ತದೆ.

ಶ್ರಾವಣದ ಮೊದಲ ಸೋಮವಾರ. ಅಕ್ಕಾವರ ದೊಡ್ಡ ಪ್ರಸಾರ, ಹಿಂದೆ ಮಲ್ಲಿಗೆಯ ತೋರಣ, ಎಲ್ಲ ಊರುಗಳ ಜನ ಕಾದು ಕೂತಿದ್ದರು. ಕಸ್ತೂರೆವ್ವ ಫೋನನ್ನು ನನಗೆ ಒರಗಿಸಿಟ್ಟು ಎದುರಿಗೆ ಕೂತಳು. ಅಕ್ಕಾವರು ಕಣ್ಣು ಮುಚ್ಚಿದರು, ತುಟಿ ತೆರೆದರು, ಕಸ್ತೂರೆವ್ವನ ದನಿ ಬಂತು. ಮೊದಲ ಸೊಲ್ಲು ಮುಗಿಯಿತು. ಎರಡನೆಯದರ ನಡುವೆ, ತೆರೆದ ಬಾಯಿ ತೆರೆದ ಹಾಗೆಯೇ ಚಿತ್ರ ನಿಂತಿತು. ಮಲ್ಲಿಗೆ ಹೋಯಿತು, ರೇಷ್ಮೆ ಹೋಯಿತು. ಕಪ್ಪು ಪರದೆಯ ಮೇಲೆ ಒಂದೇ ಒಂದು ಸಾಲು ಉಳಿಯಿತು: 'ಈ ಪ್ರಸಾರದಲ್ಲಿ ಕಸ್ತೂರೆವ್ವ ಫಕ್ಕೀರಪ್ಪ ಬಾರಕೇರ ಅವರ ಹಾಡು ಇರುವುದರಿಂದ ನಿಲ್ಲಿಸಲಾಗಿದೆ.'

ಅವಳು ಅದನ್ನು ಜೋರಾಗಿ ಓದಿದಳು. ಅಡುಗೆಮನೆಯಿಂದ ಅವ್ವ ಬಂದಾಗ ಇನ್ನೊಮ್ಮೆ ಓದಿದಳು. 'ಫಕ್ಕೀರಪ್ಪ' ಎನ್ನುವಷ್ಟನ್ನು ಮಾತ್ರ ಮೂರನೆಯ ಸಲವೂ ಓದಿದಳು. ಕೆಳಗೆ ಜನ ಕೇಳತೊಡಗಿದ್ದರು: ಯಾರೀಕೆ? ಹಾಗಾದರೆ ಇಷ್ಟು ದಿನ ಹಾಡಿದವರು ಯಾರು? ಇನ್ನೂ ಹಾಕಿರಿ, ಇನ್ನೂ ಕೇಳಿರಿ ಎಂದು ನಾನು ಒಳಗೊಳಗೇ ಕುಣಿದೆ. ನನಗೆ ಒಂಚೂರೂ ಕನಿಕರ ಬರಲಿಲ್ಲ.

ಮೂರು ದಿನ ಬಿಟ್ಟು ಅಕ್ಕಾವರ ಕಾರು ಮುಳಗುಂದದ ಓಣಿಗೆ ಬಂತು. ಕೂರಲು ಕಂಬಳಿ ಹಾಸಿದರು, ನೀರು ಕೊಟ್ಟರು. ಸೋತವರಿಗೂ ನೀರು ಕೊಡುವ ಮನೆ ಅದು, ನನ್ನ ಕೈಯಲ್ಲಿದ್ದಿದ್ದರೆ ಕೊಡುತ್ತಿರಲಿಲ್ಲ.

"ಎಷ್ಟ ಬೇಕು ಹೇಳು, ಆ ಕೇಸ್ ತಗದ್ಬಿಡು" ಎಂದರು ಅಕ್ಕಾವರು, ಪಿಸುದನಿಯಲ್ಲಿ.

"ರೊಕ್ಕ ಒಲ್ಲೆ" ಎಂದಳು ಕಸ್ತೂರೆವ್ವ. "ನನ್ನ ಹಾಡ ಹಾಕ್ಕೋರಿ. ಆದ್ರ ಸೋಮವಾರಕ್ಕೊಮ್ಮೆ, ಹಾಡ ಸುರು ಆಗೂದಕ್ಕ ಮೊದ್ಲ, ಹಾಡಾಕಿ ಯಾರು, ಧಾಟಿ ಯಾರದು, ಯಾವ ಊರು, ನಿಮ್ಮ ಬಾಯಿಂದ ಹೇಳಬೇಕು. ನಿಮ್ಮ ಖರೇ ದನೀಲೆ."

"ಜನರ ಮುಂದ ನನ್ನ ಮಾನ ಏನ್ ಉಳೀತವ್ವಾ?"

"ಅದು ನನಗ ಗೊತ್ತಿಲ್ರಿ."

ಹಾಡಿಲ್ಲದೆ ಅಕ್ಕಾವರಿಗೆ ಸೋಮವಾರವಿಲ್ಲ, ಸೋಮವಾರವಿಲ್ಲದೆ ಅವರೇ ಇಲ್ಲ. ಒಪ್ಪಿಕೊಂಡು ಎದ್ದರು.

ಈಗ ನಾನು ಮುದಿಯಾಗಿದ್ದೇನೆ. ಐದನೆಯದರ ಹಿಂದೆ ಆರನೆಯ ದಾರಿಯೂ ಸತ್ತಿದೆ, ದೀಪ ಒಮ್ಮೊಮ್ಮೆ ಹತ್ತುವುದೇ ಇಲ್ಲ. ಕಸ್ತೂರೆವ್ವ ಹೊಸ ಮಿಕ್ಸರ್ ತಂದು ತನ್ನ ಪ್ರಸಾರ ನಡೆಸುತ್ತಾಳೆ, ನೋಡುವವರು ನಿಧಾನವಾಗಿ ಹೆಚ್ಚುತ್ತಿದ್ದಾರೆ. ನನ್ನನ್ನು ಗುಜರಿಗೆ ಹಾಕದೆ ಕಿಟಕಿಯ ಮೂಲೆಯಲ್ಲಿಟ್ಟಿದ್ದಾಳೆ. ಕ್ಷಮಿಸಿದರೆ ಮನಸ್ಸು ಹಗುರಾಗುತ್ತದೆ ಎಂದು ಅಕ್ಕಾವರ ಪದಗಳಲ್ಲಿ ಸಾವಿರ ಸಲ ಕೇಳಿದ್ದೇನೆ. ಅದೆಲ್ಲ ನನ್ನ ಒಂದು ದಾರಿಯಲ್ಲಿ ಬಂದು ಇನ್ನೊಂದರಲ್ಲಿ ಹೋಯಿತು.

ಸೋಮವಾರ ಬೆಳಿಗ್ಗೆ ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ಹಿಟ್ಟಿನ ಕೈಯಲ್ಲೇ ಅಕ್ಕಾವರ ಪ್ರಸಾರ ಹಚ್ಚುತ್ತಾಳೆ. ಒಡಕು ದನಿ ಅವಳ ಹೆಸರು ಹೇಳುತ್ತದೆ, ಅಪ್ಪನ ಹೆಸರು ಹೇಳುತ್ತದೆ, ಊರಿನ ಹೆಸರು ಹೇಳುತ್ತದೆ. ಅವಳು ತಲೆ ತಗ್ಗಿಸಿ ಪೂರ್ತಿ ಕೇಳುತ್ತಾಳೆ. ಹಾಡು ಶುರುವಾಗುವಷ್ಟರಲ್ಲಿ ಫೋನು ಬಂದ್ ಮಾಡಿ ರೊಟ್ಟಿಗೆ ಹೋಗುತ್ತಾಳೆ.