ಕನ್ನಡಿ ಪಕ್ಕದ ಒಂದು ಪುಟ

ನಾನೊಂದು ರೆಸ್ಯೂಮೆ. ಈಗ ಒಂದೇ ಹಾಳೆ. ಹುಟ್ಟಿದಾಗ ನಾಲ್ಕು ಪುಟವಿದ್ದೆ ಅಂದರೆ ನಗುತ್ತೀರಿ, ನಗಿ. ದಾವಣಗೆರೆಯ ಒಂದು ಡಿಟಿಪಿ ಅಂಗಡಿಯಲ್ಲಿ ನನ್ನ ಜನನ. ಹೆತ್ತವಳು ನಾಗವೇಣಿ, ಆಗಷ್ಟೇ ಬಿ.ಕಾಂ. ಮುಗಿಸಿದ ಹುಡುಗಿ. ರಂಗೋಲಿ ಸ್ಪರ್ಧೆಯ ಸಮಾಧಾನಕರ ಬಹುಮಾನ, ಎನ್ನೆಸ್ಸೆಸ್ ಶಿಬಿರ, ಹವ್ಯಾಸಗಳು, ಮೇಲಿನದೆಲ್ಲ ಸತ್ಯವೆಂಬ ಪ್ರಮಾಣ... ಅಬ್ಬಬ್ಬಾ, ಮದುವೆ ಮನೆಯ ಹಾಗೆ ತುಂಬಿಕೊಂಡಿದ್ದೆ.

ಹೊಸಬರ ರೆಸ್ಯೂಮೆ ಒಂದೇ ಪುಟವಿರಬೇಕು, ಎರಡನೆಯದನ್ನು ಯಾರೂ ಓದುವುದಿಲ್ಲ ಎಂದು ಕಾಲೇಜಿನ ಮೇಷ್ಟ್ರು ಹೇಳಿದ್ದರು. ಅವಳು ಕತ್ತರಿಸತೊಡಗಿದಳು. ರಂಗೋಲಿ ಹೋಯಿತು, ಶಿಬಿರ ಹೋಯಿತು. ಎಷ್ಟು ಕಡಿದರೂ ಒಂದು ಸಾಲು ಮಾತ್ರ ಎರಡನೆಯ ಪುಟಕ್ಕೆ ಜಾರಿ ನಿಲ್ಲುತ್ತಿತ್ತು. 'ತಂದೆ: ಬಸಲಿಂಗಪ್ಪ, ಕ್ಷೌರದ ಅಂಗಡಿ' ಎಂಬ ಸಾಲು. ಅವಳ ಬೆರಳು ಸ್ವಲ್ಪ ಹೊತ್ತು ಅಲ್ಲೇ ತಡೆಯಿತು. ಜಾಗವಿಲ್ಲವೆಂದು ಅಳಿಸಿದಳೋ, ಸಂಕೋಚಕ್ಕೆ ಅಳಿಸಿದಳೋ, ಅವಳನ್ನೇ ಕೇಳಿದರೂ ಹೇಳಲಾರಳು. ನಾನಂತೂ ಒಂದು ಪುಟವಾದೆನೆಂದು ಬೀಗಿದೆ. ಅಪ್ಪನದೆಂದು ಉಳಿದದ್ದು ಅವಳ ಹೆಸರಿನ ಜೊತೆಗಿನ 'ಬಿ' ಅನ್ನುವ ಒಂದಕ್ಷರ.

ಎರಡು ಪ್ರತಿ ತೆಗೆದಳು. ಒಂದನ್ನು ಹೊಸದಾಗಿ ತೆರೆದ ಆಸ್ಪತ್ರೆಯ ಆಫೀಸು ಕೆಲಸಕ್ಕೆ ಕೊಟ್ಟಳು. ಅಲ್ಲಿನ ಮ್ಯಾನೇಜರು ಗುರುಮೂರ್ತಿ ಹದಿನೈದು ವರ್ಷದಿಂದ ಬಸಲಿಂಗಪ್ಪನ ಗಿರಾಕಿ. ಮಗಳ ಅರ್ಜಿ ಹಾಕಿಸು, ನಾನು ನೋಡುತ್ತೇನೆ ಎಂದು ತಾವಾಗಿಯೇ ಹೇಳಿದ್ದರು. ಕೆಲಸ ಸಿಕ್ಕರೆ ಅವಳು ದುಡಿಯುತ್ತಲೇ ಎಂ.ಕಾಂ. ಓದಬಹುದಿತ್ತು. ಸಿಗದಿದ್ದರೆ ಸೋದರಮಾವ ತಂದ ಸಂಬಂಧಕ್ಕೆ ಹೂಂ ಅನ್ನಬೇಕಿತ್ತು. ಅವಳ ತಾಯಿ ಕೊಟ್ಟ ಗಡುವು ಅಷ್ಟೇ.

ಇನ್ನೊಂದು ಪ್ರತಿ ನಾನು. ಬಸಲಿಂಗಪ್ಪ ಕೇಳಿ ಇಸಕೊಂಡು ಕಟಿಂಗ್ ಶಾಪಿನ ಕನ್ನಡಿಯ ಪಕ್ಕ ಅಂಟಿಸಿದ. ನಾನಿರುವುದು ಇಂಗ್ಲಿಷಿನಲ್ಲಿ; ಅವನು ಕನ್ನಡ ಪೇಪರು ಓದುತ್ತಾನೆ, ಇಂಗ್ಲಿಷ್ ಬರದು. ಬಂದವರಿಗೆಲ್ಲ ಬಾಚಣಿಗೆಯಿಂದ ನನ್ನ ಕೊನೆಯ ಸಾಲು ತೋರಿಸಿ, ಇದು ತನ್ನ ಹೆಸರು ಅನ್ನುತ್ತಿದ್ದ. ಅಲ್ಲಿದ್ದದ್ದು ಅವಳ ಕಂಪ್ಯೂಟರ್ ಕೋರ್ಸಿನ ಹೆಸರು. ಓದಬಲ್ಲವರು ಹೌದೆಂದು ತಲೆಯಾಡಿಸಿಬಿಡುತ್ತಿದ್ದರು.

ಆಸ್ಪತ್ರೆಯಿಂದ ಕರೆ ಬರಲಿಲ್ಲ. ಬೇರೆಯವರನ್ನು ತೆಗೆದುಕೊಂಡರೆಂದು ತಿಳಿದ ದಿನ ನಾಗವೇಣಿ ಅಂಗಡಿಗೆ ಬಂದು, ತನ್ನ ಅಂಕಗಳೇ ಸಾಲಲಿಲ್ಲವೆಂದು ಅತ್ತಳು.

ಹೊಸ ಆಸ್ಪತ್ರೆಯ ಗಡಿಬಿಡಿಯಲ್ಲಿ ಬಹಳ ದಿನ ಬಾರದಿದ್ದ ಗುರುಮೂರ್ತಿ ಆ ಭಾನುವಾರ ಬಂದರು. ಮುಖಕ್ಕೆ ನೊರೆ ಹಚ್ಚುತ್ತಿದ್ದಾಗ ಅವರೇ ಮಾತು ತೆಗೆದರು.

"ಅಲ್ಲಪ್ಪ ಬಸಲಿಂಗಪ್ಪ, ನಿನ್ ಮಗ್ಳು ಯಾಕೆ ಅರ್ಜಿ ಹಾಕ್ಲಿಲ್ಲ? ನಿನ್ ಹೆಸ್ರು ಇರೋ ಅರ್ಜಿ ಬರ್ಲಿ ಅಂತ ಕಡೇ ದಿನದ ತನಕ ಕಾದೆ."

ಬಸಲಿಂಗಪ್ಪ ನನ್ನತ್ತ ಕೈ ತೋರಿಸಿದ. ಅವರು ನೊರೆಯ ಮುಖದಲ್ಲೇ ಎದ್ದು ಬಂದು ಓದಿದರು. ಅಪ್ಪ ಅವಳನ್ನು 'ಪುಟ್ಟಿ' ಅನ್ನುವುದಷ್ಟೇ ಅವರಿಗೆ ಗೊತ್ತಿತ್ತು.

"ಇದನ್ನ ನೋಡಿದ್ದೆ ಕಣಯ್ಯ, ಚೆನ್ನಾಗೇ ಇತ್ತು. ನಿನ್ ಮಗ್ಳು ಅಂತ ಹೆಂಗ್ ಗೊತ್ತಾಗ್ಬೇಕು? ಇದ್ರಾಗೆ ನಿನ್ ಹೆಸ್ರೇ ಇಲ್ವಲ್ಲ."

ಬಸಲಿಂಗಪ್ಪ ಮತ್ತೆ ಅವರನ್ನು ಕೂರಿಸಿ, ಒಂದು ಗೀರೂ ಬೀಳದಂತೆ ಗಡ್ಡ ಪೂರ್ತಿ ಮಾಡಿದ. ಹೊರಡುವಾಗ ಕೈಮುಗಿದು, ಇದು ಮಗಳ ಕಿವಿಗೆ ಬೀಳುವುದು ಬೇಡ, ತನ್ನಿಂದಲೇ ಕೆಟ್ಟಿತೆಂದು ಕೊರಗಿಯಾಳು ಎಂದು ಬೇಡಿಕೊಂಡ. ಮತ್ಯಾರೂ ಓದಿ ಅವಳೆದುರು ಬಾಯಿಬಿಡದಿರಲೆಂದು ನನ್ನನ್ನು ಮೆಲ್ಲಗೆ ಬಿಡಿಸಿ, ಡ್ರಾಯರಿನಲ್ಲಿ ಟವೆಲ್ಲುಗಳ ಕೆಳಗಿಟ್ಟ.

ಮಧ್ಯಾಹ್ನ ಊಟ ತಂದ ನಾಗವೇಣಿಯ ಹೆಜ್ಜೆ ಕನ್ನಡಿಯ ಮುಂದೆ ನಿಂತಿತು. ಡ್ರಾಯರಿನೊಳಗಿದ್ದ ನನಗೆ ಎಲ್ಲ ಕೇಳಿಸಿತು.

"ತೆಗ್ದುಬಿಟ್ಯಾ ಅಪ್ಪಾಜಿ? ಕೆಲ್ಸ ಸಿಗ್ಲಿಲ್ಲ ಅಂತ ನಿಂಗೆ ನಾಚ್ಕೆ ಆಯ್ತಾ?"

"ಧೂಳು ಬೀಳ್ತಿತ್ತು ಪುಟ್ಟಿ," ಅಂದ.

ಅವಳು ನಂಬಲಿಲ್ಲ. ಶ್ರಾವಣದಲ್ಲಿ ಮದುವೆಯಾಯಿತು. ಅಪ್ಪ ತನ್ನ ಬಗ್ಗೆ ನಾಚಿಕೊಂಡನೆಂಬ ನೋವನ್ನು ಹೊತ್ತೇ ಗಂಡನ ಮನೆಗೆ ಹೋದಳು. ಬಸಲಿಂಗಪ್ಪನಾದರೂ ಒಂದು ಮಾತು ಆಡಬಾರದಿತ್ತೇ? ಎಲ್ಲ ಬಲ್ಲ ನಾನು ಹಳದಿಯಾಗಿ ಇಲ್ಲೇ ಬಿದ್ದಿದ್ದೇನೆ. ಹರಿದು ಒಲೆಗೆ ಹಾಕಿದ್ದರೂ ಇಷ್ಟು ನೋಯುತ್ತಿರಲಿಲ್ಲ.

ಗಿರಾಕಿಗಳಿಲ್ಲದಾಗ ಬಸಲಿಂಗಪ್ಪ ಒಮ್ಮೊಮ್ಮೆ ನನ್ನನ್ನು ಹೊರತೆಗೆದು, ಮೇಲಿನಿಂದ ಕೆಳಗೆ ಒಂದೊಂದೇ ಸಾಲಿನ ಮೇಲೆ ಬೆರಳಾಡಿಸುತ್ತಾನೆ. ಗುರುಮೂರ್ತಿ ಸಾಹೇಬರು ಅವಸರದಲ್ಲಿ ಸರಿಯಾಗಿ ಓದಿರಲಿಕ್ಕಿಲ್ಲ, ತನ್ನ ಹೆಸರು ಎಲ್ಲೋ ಒಂದು ಕಡೆ ಇದ್ದೇ ಇರುತ್ತದೆ ಎಂದು ಅವನ ನಂಬಿಕೆ.