ಅಡ್ಮಿರಲ್ ಮಿಂದನೆಂದು ಬರೆಯಬಹುದೇ?

ಇದನ್ನು ಎಲ್ಲಿಂದ ಶುರುಮಾಡಲಿ? ಗಿಳಿಯಿಂದ ಶುರುಮಾಡಿದರೆ ಅದು ಹಾರಿ ಪರದೆಯ ಕೋಲಿನ ಮೇಲೆ ಕೂರುತ್ತದೆ. ನೀವೂ ನಾನೂ ಕತ್ತೆತ್ತಿ ನೋಡುತ್ತ ನಿಲ್ಲಬೇಕಾಗುತ್ತದೆ. ನೀರಿನಿಂದ ಶುರುಮಾಡಿದರೆ ಗಿಳಿ ಬರುವಷ್ಟರಲ್ಲಿ ನೀರು ತಣ್ಣಗಾಗಿರುತ್ತದೆ.

ಗಿಳಿಯನ್ನು ನೀರಿಗೆ ಒಗ್ಗಿಸುವವರು ಹೇಳುವುದು ಇಷ್ಟು: ಮೊದಲು ಬಟ್ಟಲನ್ನು ಕೋಣೆಯ ಮೂಲೆಯಲ್ಲಿಟ್ಟು ಸುಮ್ಮನಿರಿ. ಅದರ ಕಡೆ ನೋಡಲೂ ಬೇಡಿ. ಮಾರನೆಯ ದಿನ ಒಂದು ಗೇಣು ಹತ್ತಿರಕ್ಕೆ ಸರಿಸಿ. ಓದುಗರನ್ನು ಕಥೆಗೆ ಒಗ್ಗಿಸುವುದೂ ಹಾಗೇ ಇರಬೇಕು ಎಂದು ನನ್ನ ಅಂದಾಜು. ಅದಕ್ಕೇ ಈ ಎರಡು ಪ್ಯಾರಾಗಳನ್ನು ಮೂಲೆಯಲ್ಲಿಟ್ಟಿದ್ದೇನೆ. ನೀವು ಓದಿದಿರೋ ಬಿಟ್ಟಿರೋ, ನಾನು ನೋಡಲಿಲ್ಲ.

೧

(ಮೊದಲ ಕರಡು. ಕೈಬಿಟ್ಟದ್ದು.)

ವೊಲೋಸ್ ಬಂದರಿನ ಹಿಂದಿನ ಬೀದಿಯಲ್ಲಿ ಎವಾಂಥಿಯಾ ಎಂಬ ವಿಧವೆ ಇದ್ದಳು. ಅವಳ ಗಂಡ ಅನೆಸ್ತಿಸ್ ಹಡಗಿನಲ್ಲಿ ಅಡುಗೆಯವನಾಗಿದ್ದ. ಯಾವುದೋ ರೇವಿನಿಂದ ಬೂದು ಮೈಯ, ಕೆಂಪು ಬಾಲದ ಗಿಳಿಯೊಂದನ್ನು ತಂದು ಅಡ್ಮಿರಲ್ ಎಂದು ಹೆಸರಿಟ್ಟ. ಅಡ್ಮಿರಲ್‌ಗೆ ನೀರೆಂದರೆ ಪ್ರಾಣಭಯ. ಯಾಕೆಂದರೆ ಅನೆಸ್ತಿಸ್ ಒಂದು ಸಲ ಅವನನ್ನು ಬಾಣಲೆ ತೊಳೆದ ಹಾಗೆ ನಲ್ಲಿಯ ಕೆಳಗೆ ಹಿಡಿದು, ಸೋಪು ಹಚ್ಚಿ...

ಇಷ್ಟು ಬರೆಯುವಷ್ಟರಲ್ಲಿ ಎವಾಂಥಿಯಾ ನನ್ನ ಅಡುಗೆಮನೆಗೆ ಬಂದಳು. ಕೋಟು ಕೂಡ ಬಿಚ್ಚಲಿಲ್ಲ.

"ಸತ್ತವನ ಮೇಲೆ ಹೇಳ್ತೀಯಾ?"

ನಡೆದದ್ದನ್ನೇ ಬರೆದೆ ಎಂದೆ.

"ನಡೆದಿದ್ದು ನಂಗೊತ್ತು. ಬರೀಬೇಡ ಅಂತ ಹೇಳ್ತಿರೋದು."

ಸರಿ, ಹೊಡೆದುಹಾಕಿದೆ. ಅಡ್ಮಿರಲ್ ನೀರಿಗೆ ಯಾಕೆ ಹೆದರುತ್ತಾನೆ ಎಂಬುದು ಯಾರಿಗೂ ಗೊತ್ತಿಲ್ಲ. (ನಿಮಗೂ ಗೊತ್ತಿಲ್ಲ. ದಯವಿಟ್ಟು.)

೨

ಇನ್ನು ಪಣಕ್ಕೆ ಬರೋಣ. ಅನೆಸ್ತಿಸ್ ತೀರಿಕೊಂಡ ಮೇಲೆ ಅಡ್ಮಿರಲ್‌ನ ಎದೆಯ ಪುಕ್ಕ ತೆಳುವಾಗತೊಡಗಿತು. ಒಲೆಯ ಬಿಸಿಗೆ ಚರ್ಮ ಒಣಗಿದೆ, ಹಕ್ಕಿಗೆ ಸ್ನಾನ ಬೇಕು ಎಂದರು ಪ್ರಾಣಿಗಳ ಡಾಕ್ಟರಮ್ಮ. ಆದರೆ ಬಲವಂತ ಕೂಡದು. ತಾನಾಗಿಯೇ ನೀರಿಗೆ ಬರಬೇಕು. ಮೀಯದೆ ಹೋದರೆ ತನ್ನ ಪುಕ್ಕ ತಾನೇ ಕೀಳಲು ಶುರುಮಾಡುತ್ತಾನೆ, ಆ ಚಟ ಹಿಡಿದರೆ ಬಿಡಿಸುವುದು ಕಷ್ಟ.

ಇದು ಮಹಡಿಯ ಮೇಲಿರುವ ಸ್ತಮಾತಾಳ ಕಿವಿಗೆ ಬಿತ್ತು. ಸ್ತಮಾತಾ ಅನೆಸ್ತಿಸ್‌ನ ತಂಗಿ, ಮದುವೆಯಾಗದವಳು, ಎವಾಂಥಿಯಾಳ ನಾದಿನಿ. ಗಿಳಿಯನ್ನು ಅಣ್ಣ ತಂದದ್ದು ಮದುವೆಗೆ ಮೊದಲು, ಹಾಗಾಗಿ ಅದು ತವರಿನ ಆಸ್ತಿ ಎಂಬುದು ಅವಳ ಹಳೆಯ ವಾದ. ಬೇಕರಿಯ ಸಾಲಿನಲ್ಲಿ, ನಾಲ್ಕು ಜನರ ಮುಂದೆ, ಅವಳು ಹೇಳಿಯೇಬಿಟ್ಟಳು:

"ಫೋತಾ ಹಬ್ಬದೊಳಗೆ ಅವನಿಗೆ ಸ್ನಾನ ಆಗ್ಲಿಲ್ಲ ಅಂದ್ರೆ ಮೇಲೆ ನಮ್ಮನೆಗೆ ಕಳಿಸ್ಬೇಕು ಅತ್ತಿಗೆ. ಅವತ್ತು ಊರಿನ ಪಡ್ಡೆ ಹುಡುಗರೆಲ್ಲ ಪಾದ್ರಿ ಎಸೆದ ಶಿಲುಬೆ ಹಿಡಿಯೋಕೆ ಸಮುದ್ರಕ್ಕೆ ಹಾರ್ತಾರೆ. ಇವನು ಅಡ್ಮಿರಲ್. ಇವನಿಗೇನು ರೋಗ?"

ನಾಲ್ಕು ಜನ ನಕ್ಕರು. ಆ ನಗುವಿನ ಮುಂದೆ ಎವಾಂಥಿಯಾ ಸರಿ, ಆಗಲಿ ಎಂದುಬಿಟ್ಟಳು. ಬ್ರೆಡ್ಡು ತಗೊಳ್ಳದೆ ಮನೆಗೆ ಬಂದಳು.

ಈಗ ನಿಮಗೆ ಪಣ ಏನೆಂದು ಗೊತ್ತಾಯಿತಲ್ಲ? ಇಲ್ಲ, ಪೂರ್ತಿ ಗೊತ್ತಾಗಿಲ್ಲ. ಅಡ್ಮಿರಲ್ ಪೂರ್ತಿಯಾಗಿ ಹೇಳುವುದು ಒಂದೇ ವಾಕ್ಯ. "ಬಾಗಿಲು ಹಾಕೇ, ಗಾಳಿ ಬರ್ತಿದೆ." ಹೇಳುವುದು ಅನೆಸ್ತಿಸ್‌ನ ಧ್ವನಿಯಲ್ಲಿ, ಅವನ ಸಿಗರೇಟಿನ ಕೆಮ್ಮಿನ ಸಮೇತ.

೩

ಎವಾಂಥಿಯಾ ಬಟ್ಟಲು ಇಟ್ಟಳು. ಅಡ್ಮಿರಲ್ ಅದರೊಳಕ್ಕೆ ಬಾದಾಮಿ ಎಸೆದು, ಮುಳುಗಿದ್ದನ್ನು ನೋಡಿ, ತನ್ನ ಅನುಮಾನ ನಿಜವಾಯಿತೆಂಬಂತೆ ಹಿಂದೆ ಸರಿದ. ಹೂವಿಗೆ ನೀರು ಚಿಮುಕಿಸುವ ಬಾಟಲಿ ಹಿಡಿದಳು. ಬಂದೂಕು ಕಂಡವನ ಹಾಗೆ ಪಂಜರದ ತಳಕ್ಕೆ ಚಪ್ಪಟೆಯಾಗಿ ಬಿದ್ದ. ವ್ಯಾಕ್ಯೂಮ್ ಕ್ಲೀನರ್ ಸದ್ದಿಗೆ ಗಿಳಿಗಳಿಗೆ ಮಳೆಯ ನೆನಪಾಗುತ್ತದೆ ಎಂದು ಯಾರೋ ಹೇಳಿದ್ದರಂತೆ. ಅವಳು ದಿನವೂ ಮಧ್ಯಾಹ್ನ ಸ್ವಚ್ಛವಾದ ಜಮಖಾನವನ್ನೇ ಮತ್ತೆ ಮತ್ತೆ ಸ್ವಚ್ಛಮಾಡಿದಳು. ಅಡ್ಮಿರಲ್‌ಗೆ ನಿದ್ದೆ ಬಂತು.

ಕೊನೆಗೆ ತಾನೇ ಮಾಡಿ ತೋರಿಸುವುದೆಂದು ತೀರ್ಮಾನಿಸಿದಳು. ಅವನನ್ನು ಬಚ್ಚಲಿನ ಪರದೆ ಕೋಲಿನ ಮೇಲೆ ಕೂರಿಸಿ, ಷವರ್ ತಿರುಗಿಸಿ, ರೇನ್‌ಕೋಟು ತೊಟ್ಟು ಕೆಳಗೆ ನಿಂತಳು. (ರೇನ್‌ಕೋಟು ಯಾಕೆ ಎಂದು ಕೇಳಿದೆ. ಗಂಡನ ಧ್ವನಿಯಲ್ಲಿ ಮಾತಾಡುವವನ ಮುಂದೆ ಬಟ್ಟೆ ಬಿಚ್ಚಲು ನಾಚಿಕೆ ಎಂದಳು. ಗಂಡನ ಮುಂದೆ ನಾಚಿಕೆಯೇ ಎಂದೆ. ಇವನು ನೆಟ್ಟಗೆ ನೋಡ್ತಾನೆ, ಅವನು ಪೇಪರ್ ಓದ್ತಿದ್ದ ಎಂದಳು.) ಆಹಾ, ಎಷ್ಟು ಹಿತವಾಗಿದೆ ಎಂದು ಹಾಡುವ ದನಿಯಲ್ಲಿ ಹೇಳುತ್ತ ಕಂಕುಳು ಉಜ್ಜಿಕೊಂಡಳು. ಮೇಲಿನ ಮನೆಯಲ್ಲಿ ಸ್ತಮಾತಾ ಕೊಳವೆಯ ಸದ್ದು ಕೇಳಿ ಪೊರಕೆ ಹಿಡಿಯಿಂದ ನೆಲ ಕುಟ್ಟಿ, ಆಯಿತೇ ಎಂದು ಕೂಗಿದಳು. ಆಗುತ್ತಿದೆ ಎಂದು ಎವಾಂಥಿಯಾ ಮರುಕೂಗು ಹಾಕಿದಳು.

ಅಡ್ಮಿರಲ್ ತಲೆ ಓರೆಮಾಡಿ ಎಲ್ಲವನ್ನೂ ಕೇಳಿಸಿಕೊಂಡ. ಆಮೇಲೆ ಕೆಮ್ಮಿ, "ಬಾಗಿಲು ಹಾಕೇ, ಗಾಳಿ ಬರ್ತಿದೆ" ಎಂದ.

ಎವಾಂಥಿಯಾ ನೀರಿನ ಕೆಳಗೇ ನಿಂತಿದ್ದಳು. ರೇನ್‌ಕೋಟಿನ ಟೋಪಿಯಿಂದ ಹನಿ ತೊಟ್ಟಿಕ್ಕುತ್ತಿತ್ತು. ಬಾಗಿಲು ಹಾಕಿಯೇ ಇತ್ತು. ಆದರೂ ಹೋಗಿ ಇನ್ನೊಮ್ಮೆ ಎಳೆದು ಬಂದಳು.

೪

ಮೂರನೆಯ ಭಾಗ ಓದಿ ಸ್ತಮಾತಾ ಬಂದಳು. ನಾನು ಕಾಫಿ ಇಟ್ಟೆ.

"ನೀನು ಅತ್ತಿಗೆ ಪಕ್ಷ."

ನಾನು ಯಾರ ಪಕ್ಷವೂ ಅಲ್ಲ, ಕಥೆ ಒಬ್ಬರ ಹತ್ತಿರ ನಿಂತೇ ನೋಡಬೇಕಾಗುತ್ತದೆ ಎಂದೆ.

"ಹಂಗಾದ್ರೆ ನನ್ನ ಹತ್ರ ಯಾಕೆ ನಿಲ್ಲಬಾರದು? ನಾನು ಪೊರಕೆ ಹಿಡ್ಕೊಂಡು ಕುಟ್ಟೋವಳು, ಅವಳು ಬಾಗಿಲು ಎಳೆಯೋವಳು. ಓದೋರು ಯಾರಿಗೆ ಅಯ್ಯೋ ಅಂತಾರೆ?"

ಕಾಫಿ ಗಸಿ ತಳಕ್ಕೆ ಇಳಿಯಲೆಂದು ಲೋಟ ಪಕ್ಕಕ್ಕಿಟ್ಟಳು.

"ಅವಳಿಗೆ ಅವನ ಕೋಟಿದೆ, ಕನ್ನಡಕ ಇದೆ, ಮಂಚದ ಆ ಕಡೆ ಇದೆ. ನನಗೆ ನೆಲದ ಸಂದಿಯಿಂದ ಕೇಳ್ಸೋ ದನಿ. ಅದೂ ಅವನಿಗೆ ಮನಸ್ಸು ಬಂದಾಗ."

ಒಂದು ವಾರ ಅಲ್ಲಿ, ಒಂದು ವಾರ ಇಲ್ಲಿ ಇಟ್ಟುಕೊಳ್ಳಬಹುದಲ್ಲ ಎಂದೆ. ಅವನೇನು ಸೂಟ್‌ಕೇಸಾ ಎಂದು ಕೇಳಿ ಎದ್ದುಹೋದಳು. (ಇಬ್ಬರೂ ಒಪ್ಪುವ ಒಂದೇ ಮಾತು ಇದು: ಲೇಖಕಿಗೆ ಗಿಳಿಗಳ ಬಗ್ಗೆ ಏನೂ ಗೊತ್ತಿಲ್ಲ.)

೫

ಫೋತಾದ ಹಿಂದಿನ ದಿನ ಪಾದ್ರಿ ಥೀಮಿಯೊಸ್ ಮನೆಮನೆಗೆ ತೀರ್ಥ ಚಿಮುಕಿಸಲು ಬಂದರು. ಒಂದು ಕೈಯಲ್ಲಿ ತಾಮ್ರದ ಗಿಂಡಿ, ಇನ್ನೊಂದರಲ್ಲಿ ಶಿಲುಬೆ ಕಟ್ಟಿದ ಕಾಮಕಸ್ತೂರಿಯ ಹಸಿ ಗೊಂಚಲು, ಮೂಗಿನಲ್ಲಿ ಇಡೀ ಬೀದಿಯ ನೆಗಡಿ. ಮಾರನೆಯ ದಿನದ ಗೆಲುವನ್ನು ಮುಂಚಿತವಾಗಿ ನೋಡಲು ಸ್ತಮಾತಾ ಕೂಡ ಕೆಳಗಿಳಿದು ಬಂದಿದ್ದಳು.

ಗಿಂಡಿ ತಳ ಕಂಡಿತ್ತು. ತೀರ್ಥ ಒಂದು ಹನಿ ಉಳಿದರೂ ಸಾಕು, ಸುರಿದ ನೀರೆಲ್ಲ ತೀರ್ಥವೇ. ಸ್ವಲ್ಪ ನೀರು ತಾರಮ್ಮ ಎಂದರು. ಬರೀ ನಲ್ಲಿ ನೀರೇಕೆ, ಕಳೆದ ವರ್ಷದ ತೀರ್ಥವೇ ಇದೆಯಲ್ಲ ಎಂದು ಎವಾಂಥಿಯಾ ದೇವರ ಪಟದ ಕೆಳಗಿನ ಕಪಾಟು ತೆಗೆದು ಬಾಟಲಿ ತಂದು ಸುರಿದಳು.

ಇಲ್ಲಿ ಒಂದು ಮಾತು. ನಮ್ಮೂರಿನಲ್ಲಿ ತೀರ್ಥ ಇಡುವುದು ಮಿನರಲ್ ವಾಟರಿನ ಖಾಲಿ ಬಾಟಲಿಯಲ್ಲಿ. ಯಾರದೋ ಭಾವಮೈದ ತೋಟದಲ್ಲಿ ಸೋಂಪು ಹಾಕಿ ಭಟ್ಟಿ ಇಳಿಸಿದ ದ್ರಾಕ್ಷಿ ಸಾರಾಯಿ ಇಡುವುದೂ ಅಂಥದೇ ಬಾಟಲಿಯಲ್ಲಿ. ಎರಡೂ ತಿಳಿ, ಎರಡಕ್ಕೂ ಗೌರವದ ಜಾಗ ಬೇಕು, ಹಾಗಾಗಿ ಎರಡೂ ಒಂದೇ ಕಪಾಟು.

ಪಾದ್ರಿ ಗೊಂಚಲು ಅದ್ದಿ ಸ್ತಮಾತಾಳ ಹಣೆಗೆ ತಟ್ಟಿದರು. ಒಂದು ಹನಿ ಮೂಗಿನ ಮೇಲಿಂದ ತುಟಿಗೆ ಜಾರಿತು. ಅವಳು ನೆಕ್ಕಿದಳು. ಮುಖದಲ್ಲಿ ಏನೋ ಬೆಳಗಿತು.

"ಇನ್ನೊಂದು ಸಲ ಹಾಕಿ ಸ್ವಾಮಿ. ಈ ವರ್ಷ ಮಂಡಿನೋವು ಜಾಸ್ತಿ."

ಎರಡನೆಯ ಸಲ ಬಾಯಿ ಸ್ವಲ್ಪ ತೆರೆದೇ ನಿಂತಿದ್ದಳು. ಪಾದ್ರಿ ಮಂಚಕ್ಕೆ, ಒಲೆಗೆ, ಅನೆಸ್ತಿಸ್‌ನ ಫೋಟೋಕ್ಕೆ ಚಿಮುಕಿಸಿದರು. ಅನೆಸ್ತಿಸ್ ಬದುಕಿದ್ದರೆ ಮೆಚ್ಚುತ್ತಿದ್ದ. ಆಮೇಲೆ ದೇವರ ಸೃಷ್ಟಿಯೆಲ್ಲ ಒಂದೇ ಎಂದು ಪಂಜರದ ಕಡೆ ತಿರುಗಿದರು. ಆಗ ಎವಾಂಥಿಯಾಳ ಮೂಗಿಗೆ ಸೋಂಪಿನ ವಾಸನೆ ಬಡಿಯಿತು.

ಅವಳು ಪಾದ್ರಿಯ ಕೈಯಿಂದ ಗೊಂಚಲು ಕಿತ್ತುಕೊಂಡು ಅಡುಗೆಮನೆಗೆ ಓಡಿದಳು. ನಲ್ಲಿ ಬಿಟ್ಟು, ಎಲೆ ಎಲೆಯನ್ನೂ ತೊಳೆದು, ಶಿಲುಬೆಯನ್ನು ಬಿಚ್ಚಿ ಒರೆಸಿ, ನೀರು ಸೋರುವ ಸೊಪ್ಪನ್ನು ಮೇಜಿನ ಮೇಲೆ ಇಟ್ಟು, ಕ್ಷಮೆ ಕೇಳಲು ತಿರುಗಿದಳು.

ಹಿಂದೆ ರೆಕ್ಕೆಯ ಸದ್ದಾಯಿತು. ಬೆಳಗಿನಿಂದ ಪಂಜರದ ಬಾಗಿಲು ತೆರೆದೇ ಇತ್ತು.

ಅಡ್ಮಿರಲ್ ಮೇಜಿನ ಮೇಲೆ ಇಳಿದ. ಸೊಪ್ಪಿನ ಸುತ್ತ ಒಂದು ಸುತ್ತು ನಡೆದ. ಒಂದು ಎಲೆ ಕಚ್ಚಿದ. ಆಮೇಲೆ ಕತ್ತು ತಗ್ಗಿಸಿ, ಎದೆಯನ್ನು ಒದ್ದೆ ಎಲೆಗಳಿಗೆ ಒತ್ತಿ, ರೆಕ್ಕೆ ಬಿಡಿಸಿ, ಹಾಸಿಗೆಯಲ್ಲಿ ಹೊರಳುವ ಮಗುವಿನ ಹಾಗೆ ಹೊರಳತೊಡಗಿದ. ಹನಿ ಎಲ್ಲ ಕಡೆ ಸಿಡಿಯಿತು.

೬

ಪಾದ್ರಿಯೂ ಸ್ತಮಾತಾಳೂ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಮೊದಲು ಪಿಸುಗುಟ್ಟಿದವಳು ಸ್ತಮಾತಾ.

"ಅದು ಸ್ನಾನ ಅಲ್ಲ. ಸೊಪ್ಪು."

"ಒದ್ದೆ ಆಗಿದಾನಲ್ಲೇ."

"ಇಬ್ಬನಿ ಬಿದ್ರೆ ಬೇಲೀನೂ ಒದ್ದೆ ಆಗತ್ತೆ ಅತ್ತಿಗೆ. ಬೇಲಿ ಸ್ನಾನ ಮಾಡ್ತು ಅಂತೀವಾ?"

ಇಬ್ಬರೂ ಪಾದ್ರಿಯ ಕಡೆ ನೋಡಿದರು. ಅವರಿಗೆ ಬೇರೆ ಚಿಂತೆಗಳಿದ್ದವು. ಇನ್ನೂ ಬೀದಿಯ ಅರ್ಧ ಬಾಕಿ ಇತ್ತು, ಗೊಂಚಲಿನಲ್ಲಿ ಹಕ್ಕಿ ಹೊರಳುತ್ತಿತ್ತು. ಎವಾಂಥಿಯಾ ಬಾಟಲಿಯ ವಿಷಯ ಕಿವಿಯಲ್ಲಿ ಹೇಳಿದ ಮೇಲೆ ಗಿಂಡಿಯನ್ನು ಮೂಸಿದರು, ನೆಗಡಿಯಲ್ಲಿ ಏನೂ ತಿಳಿಯಲಿಲ್ಲ. ಸುರಿದ ನೀರೆಲ್ಲ ತೀರ್ಥವಾಗುತ್ತದೆ ಎಂದು ಶಾಸ್ತ್ರದಲ್ಲಿದೆ, ಸಾರಾಯಿಯ ಮಾತು ಇಲ್ಲ ಎಂದರು. ಏನೇ ಆದರೂ ಚೆಲ್ಲುವುದು ಪಾಪ ಎಂದು ಸ್ತಮಾತಾ ಲೋಟ ಹುಡುಕಿದಳು. ಸ್ನಾನವೋ ಅಲ್ಲವೋ, ಹಕ್ಕಿ ಮುಗಿಸಿದ ಮೇಲೆ ನೋಡಿ ಹೇಳುತ್ತೇನೆ ಎಂದು ಪಾದ್ರಿ ಕುರ್ಚಿ ಎಳೆದು ಕೂತರು.

೭

ಈಗ ಮುಕ್ತಾಯಗಳು. ನಿಮಗೆ ಬೇಕಾದ್ದನ್ನು ಆರಿಸಿಕೊಳ್ಳಬಹುದು ಎಂದು ಬರೆಯಲು ಹೊರಟಿದ್ದೆ.

ಒಂದು: ಪಾದ್ರಿ ಸ್ನಾನವೆಂದು ತೀರ್ಪು ಕೊಡುತ್ತಾರೆ, ಅಡ್ಮಿರಲ್ ಕೆಳಗೇ ಉಳಿಯುತ್ತಾನೆ. (ಸ್ತಮಾತಾ ಇದನ್ನು ಓದಿ ನನ್ನ ಜೊತೆ ಮಾತು ಬಿಟ್ಟಿದ್ದಾಳೆ.)

ಎರಡು: ಸ್ನಾನವಲ್ಲ ಎನ್ನುತ್ತಾರೆ. ಗಿಳಿ ಮೇಲಕ್ಕೆ ಹೋಗುತ್ತದೆ. ಎವಾಂಥಿಯಾ ಪೊರಕೆಯಿಂದ ತನ್ನ ಸೂರು ಕುಟ್ಟುತ್ತಾಳೆ. (ಎವಾಂಥಿಯಾ ಹಾಳೆಯನ್ನು ಹರಿಯಲಿಲ್ಲ. ಮಡಿಸಿ ವಾಪಸ್ ಕೊಟ್ಟಳು. ಅದಕ್ಕಿಂತ ಹರಿದಿದ್ದರೆ ಚೆನ್ನಾಗಿತ್ತು.)

ಮೂರನೆಯದನ್ನು ಬರೆಯಲು ಕೂತಾಗ ಒಂದು ವಿಷಯ ಗಮನಕ್ಕೆ ಬಂತು. ಬರೆಯುವ ಆತುರದಲ್ಲಿ ನಾನೇ ನೋಡಿರಲಿಲ್ಲ. ಸೊಪ್ಪಿನ ನೀರು ಆರುತ್ತ ಬಂದಿತ್ತು, ಅಡ್ಮಿರಲ್ ಹೊರಳುವುದನ್ನು ನಿಧಾನಿಸಿದ್ದ. ಆಗ ಸ್ತಮಾತಾ, ಇದು ಸ್ನಾನವೇ ಅಲ್ಲ ಎಂದು ಗೊಣಗುತ್ತಲೇ, ನಲ್ಲಿಯ ಕೆಳಗೆ ಅಂಗೈ ಒಡ್ಡಿ, ನೀರು ತಂದು ಎಲೆಗಳ ಮೇಲೆ ಬಿಟ್ಟಳು. ಎವಾಂಥಿಯಾ ನೋಡಿದಳು. ಅದು ತೀರಿದಾಗ ಅವಳೊಂದು ಬೊಗಸೆ ತಂದಳು. ಆಮೇಲೆ ಸ್ತಮಾತಾ. ಆಮೇಲೆ ಎವಾಂಥಿಯಾ. ಅವನು ಮುಗಿಸುವ ತನಕ ತೀರ್ಪಿಲ್ಲ. ಇಬ್ಬರೂ ಅವನಿಗೆ ಮುಗಿಸಲು ಬಿಡುತ್ತಿಲ್ಲ.

ಪಾದ್ರಿ ಕೂತಲ್ಲೇ ತೂಕಡಿಸುತ್ತಿದ್ದಾರೆ. ಬೀದಿಯ ಉಳಿದರ್ಧ ಹೊಸ್ತಿಲಲ್ಲಿ ನಿಂತು ಕಾಯುತ್ತಿದೆ. ನಾನು ಇನ್ನೊಂದು ಸಾಲು ಬರೆದರೆ ಯಾರಾದರೂ ಒಬ್ಬಳು ನಲ್ಲಿ ನಿಲ್ಲಿಸಬೇಕಾಗುತ್ತದೆ. ಆ ಸಾಲನ್ನು ನಾನು ಬರೆಯುವುದಿಲ್ಲ.

ನೀವು ಎದ್ದುಹೋಗುವುದಾದರೆ ಹೋಗಿ, ಬೇಸರವಿಲ್ಲ. ಆದರೆ ಅಗೋ, ಒದ್ದೆ ತಲೆಯೆತ್ತಿ, ಕೆಮ್ಮಿ, ಅವನು ನಿಮ್ಮ ಕಡೆಗೇ ನೋಡುತ್ತಿದ್ದಾನೆ. ಇಬ್ಬರು ಹೆಂಗಸರೂ ಬೊಗಸೆ ಹಿಡಿದುಕೊಂಡೇ ನಿಂತುಬಿಟ್ಟಿದ್ದಾರೆ.

"ಬಾಗಿಲು ಹಾಕೇ, ಗಾಳಿ ಬರ್ತಿದೆ."