ಸಾವು ಸಾರುವವರು

"ಲೇ ಮುದುಕಾ, ಎದೆಗಾನಿಸಿ ಹಿಡ್ಕೊಳ್ಳೋ ಅಂದ್ರೆ ಹೆಗಲಿಗೆ ಯಾಕೋ ನೇತಾಕ್ಕೊಂಡೆ? ಸಗಣಿ ಮಂಕರಿ ಹೊತ್ತೂ ಹೊತ್ತೂ ಅದೇ ಚಾಳಿ ಬಿದ್ದೋಗಿದೆ ಬೋಳಿಮಗನಿಗೆ!"

ಇನ್ಸ್‌ಪೆಕ್ಟರ್ ಅನಂತರಾಜು ಲಾಠಿಯ ತುದಿಯಿಂದ ದಾಸಪ್ಪನ ಮೊಣಕೈಯನ್ನು ತಿವಿದು ಕೆಳಗಿಳಿಸಿದ. ದಾಸಪ್ಪನ ಕೈಯಲ್ಲಿದ್ದದ್ದು ಒಂದು ಹಳೇ ಸ್ಕೂಟರ್ ಟೈರು. ಮಾರನೆಯ ದಿನ ಅಕ್ಟೋಬರ್ ಇಪ್ಪತ್ತೊಂದು, ಡ್ಯೂಟಿಯಲ್ಲಿ ಸತ್ತ ಪೊಲೀಸರನ್ನು ನೆನೆಯುವ ದಿನ. ಸತ್ತವರ ಮನೆಯವರು ಪೊಲೀಸ್ ಮೈದಾನದ ಕಲ್ಲಿನ ಕಂಬದ ಬುಡದಲ್ಲಿ ಹೂವಿನ ಚಕ್ರ ಇಡಬೇಕು. ಹೂವು ನಾಳೆ ಬೆಂಗಳೂರಿನಿಂದ ಬರುತ್ತದೆ. ಇವತ್ತಿನ ರಿಹರ್ಸಲ್ಲಿಗೆ ಟೈರೇ ಸಾಕು ಎಂದಿದ್ದ ಅನಂತರಾಜು.

"ಹತ್ತು ಹೆಜ್ಜೆ. ಬಗ್ಗು. ಇಡು. ಹಿಂದೆ ಸರಿ. ಹಿಂದೆ ಸರಿಯೋಕೆ ಬರಲ್ವೇನೋ? ನಿಮ್ಮಪ್ಪ ತಾತ ಎಲ್ಲಾ ಹಿಂದೆ ಸರ್‍ಕೊಂಡೇ ಬಂದೋರಲ್ವೇನೋ!"

ಪಕ್ಕದಲ್ಲಿ ಕುರ್ಚಿ ಹಾಕಿಸಿಕೊಂಡು ಎಳನೀರು ಕುಡಿಯುತ್ತಿದ್ದ ಮುನಿರಾಮಯ್ಯ ಹೊಟ್ಟೆ ಕುಲುಕಿಸಿ ನಕ್ಕ. ಇವನು ಕಾರೆದೊಡ್ಡಿಯ ದೊಡ್ಡ ಮನೆಯ ಗೌಡ. ದಾಸಪ್ಪನನ್ನೂ ಅವನ ಹೆಂಡತಿ ಕೆಂಚಮ್ಮನನ್ನೂ ತನ್ನ ಸುಮೋ ಗಾಡಿಯ ಹಿಂಬದಿಯಲ್ಲಿ, ಗೊಬ್ಬರದ ಚೀಲಗಳ ಜೊತೆ ಕೂರಿಸಿಕೊಂಡು ಬಂದವನು ಅವನೇ.

ಹೊಂಗೆ ಮರದಡಿ ಕುಕ್ಕರಗಾಲಲ್ಲಿ ಕೂತಿದ್ದ ಕೆಂಚಮ್ಮ ಗಂಡನ ಕೈಯನ್ನೇ ನೋಡುತ್ತಿದ್ದಳು. ದಾಸಪ್ಪ ಟೈರಿನ ಮೈಮೇಲಿನ ಗೆರೆಗಳನ್ನು ಹೆಬ್ಬೆರಳಿನಿಂದ ಸವರುತ್ತಿದ್ದ. ನಾಲ್ಕನೇ ಹೆಜ್ಜೆಗೆ ಟೈರು ಕೈಜಾರಿ ಬಿತ್ತು. ಅನಂತರಾಜು ಬಾಯಿ ತೆಗೆದವನು ಟೈರನ್ನೂ ಮುದುಕನ ಮುಖವನ್ನೂ ನೋಡಿ ಹಾಗೆಯೇ ಬಾಯಿ ಮುಚ್ಚಿಕೊಂಡ. ಗೊತ್ತಿತ್ತು ಆ ಮುಂಡೇಗಂಡನಿಗೆ. ಗೊತ್ತಿಲ್ಲದೆ ಏನು!

ಸತ್ತವನು ಇವರ ಮಗ ಬಾಲರಾಜು. ಪೊಲೀಸ್ ಪೇದೆ, ಇಪ್ಪತ್ತಾರು ವರ್ಷ. ಕೇರಿಯವರಿಗೆ ಸರ್ಕಾರ ಮಂಜೂರು ಮಾಡಿದ್ದ ದರಖಾಸ್ತು ಜಮೀನಿನ ಕಾಗದ ತಿದ್ದಿ ಮುನಿರಾಮಯ್ಯ ಅದನ್ನು ಒಂದು ಹೊಸ ಕಾರ್ಖಾನೆಗೆ ಮಾರಿದ್ದ. ಬಿಡದಿಯ ಕಡೆಯಿಂದ ಕಾರ್ಖಾನೆಗಳು ಒಂದೊಂದೇ ಊರು ದಾಟಿ ಬರುತ್ತಿದ್ದ ಕಾಲ ಅದು. ಆಷಾಢದಲ್ಲಿ ಮಣ್ಣು ಹೊತ್ತ ಟಿಪ್ಪರ್‌ಗಳು ಬಂದ ದಿನ ಕೇರಿಯ ಗಂಡಸರು ಹೆಂಗಸರು ಹೊಲಕ್ಕೆ ಅಡ್ಡ ಮಲಗಿದರು. ಬಂದೋಬಸ್ತಿನ ಸಾಲಿನಲ್ಲಿ ಅದೇ ಕೇರಿಯ ಬಾಲರಾಜುವನ್ನೂ ತಂದು ನಿಲ್ಲಿಸಿದ್ದರು. ಯಾರೋ ಟಿಪ್ಪರಿನ ಗಾಜಿಗೆ ಕಲ್ಲು ತೂರಿದ್ದೂ ನಿಜವೇ. ಸಂಜೆ ಹೊತ್ತಿಗೆ ಬಾಲರಾಜು ಪೆಟ್ಟಿಗೆಯಲ್ಲಿ ಬಂದ. ಊರವರ ಕಲ್ಲೇಟಿಗೆ ತಲೆಯೊಡೆದು ಸತ್ತ ಅಂದರು. ಕೇರಿಯ ಹನ್ನೊಂದು ಗಂಡಸರನ್ನು ಕೊಲೆ ಕೇಸಿನ ಮೇಲೆ ಎಳೆದುಕೊಂಡು ಹೋದರು.

ಪೆಟ್ಟಿಗೆಯೊಳಗೆ ಕೈ ಹಾಕಕೂಡದು ಅಂದಿದ್ದರು. ಹೆತ್ತವರ ಕೈ ಕೇಳುತ್ತದೆಯೇ? ಬಾವುಟದ ಕೆಳಗೆ ಕೆಂಚಮ್ಮ ಮಗನ ನೆತ್ತಿ ಸವರಿದಳು. ಬೆಳಿಗ್ಗೆ ಎಣ್ಣೆ ಹಚ್ಚಿ ಬಾಚಿಕೊಂಡ ಕೂದಲು ಹಾಗೇ ಇತ್ತು, ಒಂದು ಗೀರಿಲ್ಲ. ದಾಸಪ್ಪ ಎದೆ ಮುಟ್ಟಿದ. ಎದೆ ಇರಬೇಕಾದ ಕಡೆ ಎದೆ ಇರಲಿಲ್ಲ.

"ಈಗ ಮೈಕ್ ಮುಂದೆ ಏನ್ ಹೇಳ್ತೀಯ, ಹೇಳು ನೋಡೋಣ," ಅಂದ ಅನಂತರಾಜು. "ನಾಳೆ ಪೇಪರ್‌ನೋರು, ಟಿವಿಯೋರು ಎಲ್ಲಾ ಇರ್ತಾರೆ. ಒಂದೇ ಮಾತು. ಆಮೇಲೆ ಅದನ್ನೇ ಬರೆದಿಟ್ಟಿದ್ದೀವಿ, ಹೆಬ್ಬೆಟ್ಟು ಒತ್ತೋದು."

"ನನ್ ಮಗನ್ನ... ನಮ್ಮೂರೋರು... ಕಲ್ನಾಗೆ..."

ದಾಸಪ್ಪ ಬಗ್ಗಿ, ಬಿದ್ದಿದ್ದ ಟೈರನ್ನು ಎತ್ತಿಕೊಂಡ.

"ಯೋಳ್ತಾನೆ ಬುಡಿ ಸಾರ್," ಎಂದ ಮುನಿರಾಮಯ್ಯ, ಎಳನೀರಿನ ಬುರುಡೆ ಎಸೆಯುತ್ತಾ. "ನಮ್ಮೂರ ಕುಳುವಾಡಿ ಇವ್ನು. ಸಾವು ಸಾರೋದೇ ಇವ್ನ ಕಸುಬು. ಮೈಕ್ ಇಲ್ದೆ ಎಲ್ಡೂರಿಗೆ ಕೇಳೋ ಗಂಟ್ಲು. ಅಲ್ವೇನ್ಲಾ?"

ಅದು ಸುಳ್ಳಲ್ಲ. ಊರಲ್ಲಿ ಯಾರು ಸತ್ತರೂ ನೆಂಟರ ಊರುಗಳಿಗೆ ನಡೆದು ಹೋಗಿ ಸುದ್ದಿ ಮುಟ್ಟಿಸುವುದು ದಾಸಪ್ಪನ ವಂಶದ ಕೆಲಸ. ಅದಕ್ಕೊಂದು ಕಟ್ಟಳೆ ಇದೆ. ಹೊರಡುವ ಮುಂಚೆ ಹೆಣವನ್ನು ಕಣ್ಣಾರೆ ನೋಡಬೇಕು. ನೆಂಟರ ಮನೆಯ ಅಂಗಳದಾಚೆ ನಿಲ್ಲಬೇಕು. ಕೂರುವಂತಿಲ್ಲ, ನೀರು ಮುಟ್ಟುವಂತಿಲ್ಲ. ಯಾರು, ಯಾವ ಹೊತ್ತಲ್ಲಿ, ಹೇಗೆ ಸತ್ತರು, ಮೂರನ್ನೂ ಹೇಳಬೇಕು. ಹೇಗೆ ಸತ್ತರೆಂಬುದನ್ನು ತಪ್ಪು ಹೇಳಿದರೆ ಸತ್ತವರು ಸಾರಿದವನ ಬೆನ್ನು ಬಿಡುವುದಿಲ್ಲ ಅಂತ ಕೇರಿಯವರ ನಂಬಿಕೆ.

ದಾಸಪ್ಪ ಒಂದೇ ಒಂದು ಸಲ ತಪ್ಪು ಹೇಳಿದ್ದ. ಇಪ್ಪತ್ತೆರಡು ವರ್ಷದ ಹಿಂದೆ ಮುನಿರಾಮಯ್ಯನ ತಮ್ಮನ ಹೆಂಡತಿ ಸತ್ತಳು. ಕುತ್ತಿಗೆಯ ಸುತ್ತ ಹಗ್ಗದ ಬರೆ ಇತ್ತು. ವಾಂತಿಭೇದಿ ಅಂತ ಸಾರು, ಇಲ್ಲವಾದರೆ ನಿನ್ನ ಗುಡಿಸಲು ಇರಲ್ಲ ಅಂದರು. ದಾಸಪ್ಪ ತಿಪ್ಪಸಂದ್ರದ ಕಡೆ ಇದ್ದ ಅವಳ ತವರಿಗೆ ಹೋಗಿ ಹಾಗೆಯೇ ಹೇಳಿ ಬಂದ. ಆ ತಾಯಿ ಎದೆ ಬಡಿದುಕೊಳ್ಳುತ್ತಲೇ, ಸುದ್ದಿ ತಂದವನಿಗೆ ಪದ್ಧತಿಯಂತೆ ಒಂದು ಮೊರ ರಾಗಿ ಸುರಿದಳು. ಆ ರಾಗಿಯನ್ನು ಬೀಸಿ ಮುದ್ದೆ ಕಟ್ಟಿದವಳು ಕೆಂಚಮ್ಮ. ಗಂಡ ಉಣ್ಣಲಿಲ್ಲ. ಆಗಿನ್ನೂ ನಾಲ್ಕು ವರ್ಷದವನಾಗಿದ್ದ ಬಾಲರಾಜು ಹಸಿದಿದ್ದ, ಅವನು ಉಂಡ.

ಸುಮೋ ಹಿಂದಿರುಗುವಾಗ ಮುನಿರಾಮಯ್ಯ ಮುಂದಿನ ಸೀಟಿನಿಂದ ತಿರುಗದೆಯೇ ಮಾತಾಡಿದ.

"ನೋಡ್ಲಾ ದಾಸ, ಅವತ್ತು ನಮ್ಮನೆ ಮಾನ ಉಳಿಸ್ದೆ. ಇವತ್ತೂ ಅಂಗೇಯ. ಇದೇನು ಹೊಸದಾ ನಿಂಗೆ? ನಿನ್ ಮಗಳು ಸ್ವೇತಂಗೆ ಬಾಲ್ರಾಜನ್ ಬದಲಿ ಕೆಲಸ ಕೊಡೋ ಫೈಲು ಸಾಯೇಬ್ರ ಟೇಬಲ್ ಮ್ಯಾಲೆ ಐತೆ."

"ಒಳಗಿರೋರು ನಮ್ ಜನ ಬುದ್ದಿ," ಎಂದ ದಾಸಪ್ಪ ಮೆಲ್ಲಗೆ.

"ಒಳಗೆ ಅನ್ನೊಂದ್ ಜನ ಅವ್ರೆ. ಅನ್ನೆರಡನೇವ್ನಿಗೂ ಒಸಿ ಜಾಗ ಮಾಡ್ತಾರೆ. ಇಲ್ಲಾಂದ್ರೆ ಮಗನ ಕೊರಗಲ್ಲಿ ಮುದುಕ ಕೆರೆಗೆ ಬಿದ್ದ ಅಂತಾರೆ. ನಂಬ್ದೆ ಇರೋರು ಯಾರ್ಲಾ?"

ಹಾಗಂದು ಗಾಡಿಯ ರೇಡಿಯೋದ ಸದ್ದು ಜೋರು ಮಾಡಿದ. ಕೆಂಚಮ್ಮ ಗೊಬ್ಬರದ ಚೀಲದ ಮೇಲಿಂದ ಗಂಡನ ಕಡೆ ನೋಡಿದಳು. ಅವನು ಅಂಗೈ ನೋಡಿಕೊಳ್ಳುತ್ತಾ ಕೂತಿದ್ದ.

ಕೇರಿಯಲ್ಲಿ ಇವರು ಇಳಿದಾಗ ಯಾರೂ ಮಾತಾಡಿಸಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಮಾಯಮ್ಮ ಬಂದಳು. ಅವಳ ಗಂಡ ಒಳಗಿರುವ ಹನ್ನೊಂದು ಜನರಲ್ಲಿ ಒಬ್ಬ. ಬಾಗಿಲಾಚೆಯೇ ನಿಂತು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಅಣ್ಣಾ, ನಾನು ಟಿಪ್ಪರ್ ಇಂದ್ಗಡೆ ಮಲಗಿದ್ದೆ. ಅವ್ನು ಬಂದು, ಎದ್ದೋಳತ್ತೆ, ಎದ್ದೋಳತ್ತೆ ಅಂತ ನನ್ ರಟ್ಟೆ ಹಿಡ್ದ. ಆ ಇನ್‌ಸ್ಪೆಕ್ಟ್ರು ಡ್ರೈವರ್‌ಗೆ, ಬುಡೋ ಇಂದಕ್ಕೆ, ಏನಾಯ್ತದೆ ನೋಡೇ ಬುಡಾನ ಅಂದ. ನನ್ನ ಆ ಕಡಿಕ್ ತಳ್ಳಿ, ತಾನು..." ಅವಳು ತನ್ನ ರಟ್ಟೆಯನ್ನು ತಾನೇ ಹಿಡಿದುಕೊಂಡಳು. "ಎರಡ್ ಕಿತ ಟೇಸನ್‌ಗೋಗಿ ಯೋಳ್ದೆ. ಸೂಳೆಮುಂಡೆ ಅಂತ ಕತ್ತು ಹಿಡ್ದು ದಬ್ಬುದ್ರು. ನನ್ ಮಾತ್ನ ಯಾರೂ ಬರ್‍ಕೊಳ್ಳಾಕಿಲ್ಲ. ನಿನ್ ಮಾತ್ನ ಬರ್‍ಕೊತಾರೆ ಕಣಣ್ಣ. ನೀನು ಕಲ್ಲು ಅಂದ್ರೆ ಕಲ್ಲೇಯ. ನಾಳೆ ನೀನು ಆ ಒಂದ್ ಮಾತಾಡುದ್ರೆ ಅವರ್‍ಯಾರೂ ಈಚಿಗ್ ಬರಾಕಿಲ್ಲ."

ಬೇಡಿಕೊಳ್ಳಲಿಲ್ಲ ಅವಳು. ಅಷ್ಟು ಹೇಳಿ ಹೊರಟೇಹೋದಳು.

"ಏನ್ ಮಾಡಾದೇ ಅಮ್ಮೀ?" ಎಂದ ದಾಸಪ್ಪ.

ಕೆಂಚಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಗಂಡನ ಮೇಲೆ ಉರಿದದ್ದೋ, ಭಯಕ್ಕೆ ಉರಿದದ್ದೋ, ಅವಳಿಗೇ ತಿಳಿಯದು. ನಿಜ ಹೇಳು ಅಂದರೆ ಗಂಡನನ್ನು ಕೈಯಾರೆ ಸಾವಿಗೆ ಕೊಟ್ಟಂತೆ. ಬೇಡ ಅಂದರೆ ಮಗನನ್ನು ಎರಡನೇ ಸಲ ಚಕ್ರದಡಿ ಹಾಕಿದಂತೆ.

"ನನ್ನೇನ್ ಕೇಳೀಯ? ನಿನ್ ಬಾಯಿ, ನಿನ್ ಕಸುಬು. ಅವತ್ತಿನ ರಾಗಿ ಬೀಸ್ದೋಳು ನಾನು. ಇನ್ನೊಂದ್ ಕಿತ ಬೀಸಾಕಿಲ್ಲ, ಅಷ್ಟೇಯ," ಅಂದಳು. ಅಂದ ಮೇಲೆ ಒಲೆಯ ಮುಂದೆ ಕೂತು ಕಣ್ಣೊರೆಸಿಕೊಂಡಳು.

ಬೆಳಿಗ್ಗೆ ಮೈದಾನದ ತುಂಬಾ ಶಾಮಿಯಾನ. ಕೆಂಚಮ್ಮನಿಗೆ ಮುಂದಿನ ಸಾಲಿನಲ್ಲಿ ಕುರ್ಚಿ ಕೊಟ್ಟರು; ಹುಟ್ಟಿದ ಮೇಲೆ ದೊಡ್ಡವರ ಸಾಲಿನಲ್ಲಿ ಅವಳು ಕೂತದ್ದು ಅದೇ ಮೊದಲು. ಪಕ್ಕದಲ್ಲಿ ಭಾನುಪ್ರಿಯ ಅಂತ ಒಬ್ಬಳು ಹೆಣ್ಣು ಪೇದೆ ಅವಳ ಮುಂಗೈ ಹಿಡಿದುಕೊಂಡು ಕೂತಳು.

"ಗೋಳಾಡೋಕೆ ಬಿಡಬೇಡ ಅಂದವ್ರೆ ಕಣಮ್ಮ, ಬೇಜಾರ್ ಮಾಡ್ಕೋಬೇಡಿ," ಎಂದಳು. "ನಾನೂ ಬಾಲರಾಜಣ್ಣನೂ ಒಂದೇ ಬ್ಯಾಚು."

ಪೇದೆಗಳು ಬಂದೂಕಿನ ಮೂತಿಯನ್ನು ನೆಲಕ್ಕೆ ತಿರುಗಿಸಿ, ಹಿಡಿಯ ಮೇಲೆ ಕೈಯಿಟ್ಟು ತಲೆ ತಗ್ಗಿಸಿ ನಿಂತರು. ದೊಡ್ಡ ಸಾಹೇಬರೊಬ್ಬರು ಆ ವರ್ಷ ದೇಶದಲ್ಲೆಲ್ಲ ಸತ್ತ ಪೊಲೀಸರ ಹೆಸರು ಓದತೊಡಗಿದರು. ಎಷ್ಟೊಂದು ಹೆಸರುಗಳು! ಯಾವ ಯಾವ ತಾಯಂದಿರ ಮಕ್ಕಳೋ ಅಂದುಕೊಂಡಳು ಕೆಂಚಮ್ಮ. ಅವರೆಲ್ಲ ಹೇಗೆ ಸತ್ತರೋ, ಯಾರು ಕಣ್ಣಾರೆ ನೋಡಿ ಸಾರಿದರೋ. ಕೊನೆಗೆ ಮಗನ ಹೆಸರು ಬಂತು. ಉದ್ರಿಕ್ತ ಗುಂಪಿನ ಕಲ್ಲೇಟಿಗೆ ಬಲಿಯಾದ ವೀರ, ಎಂದರು ಸಾಹೇಬರು. ಕಹಳೆ ಊದಿದರು. ಅವಳು ಕುರ್ಚಿಯಿಂದ ಏಳಹೋದಳು, ಭಾನುಪ್ರಿಯಳ ಬೆರಳು ಬಿಗಿಯಾಯಿತು.

ದಾಸಪ್ಪ ಬಿಳೀ ಅಂಗಿ ಹಾಕಿಕೊಂಡು ಹತ್ತು ಹೆಜ್ಜೆ ನಡೆದ. ಬಗ್ಗಿ ಹೂವಿನ ಚಕ್ರ ಇಟ್ಟ. ಸರಿಯಾಗಿಯೇ ಇಟ್ಟ. ಅನಂತರಾಜು ಮೈಕಿನ ಕಡೆ ಕಣ್ಣಲ್ಲೇ ತೋರಿಸಿದ. ಎರಡನೇ ಸಾಲಿನಲ್ಲಿ ಮುನಿರಾಮಯ್ಯ ಕಾಲ ಮೇಲೆ ಕಾಲು ಹಾಕಿದ.

ದಾಸಪ್ಪ ಮೈಕಿನ ಹತ್ತಿರ ಹೋದ. ಕಾಲಿನ ಚಪ್ಪಲಿ ಬಿಟ್ಟ. ಯಾವುದೋ ಮನೆಯ ಅಂಗಳದಾಚೆ ನಿಂತವನ ಹಾಗೆ ಎರಡು ಹೆಜ್ಜೆ ಹಿಂದೆ ಸರಿದು ನಿಂತ. ಕೆಂಚಮ್ಮನಿಗೆ ಆಗಲೇ ಗೊತ್ತಾಗಿಹೋಯಿತು. ಅಯ್ಯೋ ನನ್ನಪ್ಪಾ ಅಂದುಕೊಂಡಳು.

"ಕಾರೆದೊಡ್ಡಿ ಕುಳುವಾಡಿ ದಾಸಪ್ಪ ಸಾರ್ತಾವ್ನಿ, ಕೇಳ್ಕಳ್ರಪ್ಪೋ! ನನ್ ಮಗ ಬಾಲ್ರಾಜ, ಆಸಾಡದ ಸುಕ್ರವಾರ, ಮಟಮಟ ಮದ್ಯಾನ, ಮಣ್ಣಿನ ಟಿಪ್ಪರ್ ಚಕ್ರುಕ್ಕೆ ಸಿಕ್ಕಿ ಸತ್ತ! ಮಾಯಮ್ಮನ್ನ ಉಳ್ಸಕೋಗಿ ಸತ್ತ! ಇಂದಕ್ಕೆ ಬುಡು ಗಾಡೀನ ಅಂದೋರು ಅಗೋ, ಅಲ್ ನಿಂತವ್ರಲ್ಲ, ಆ ಇನ್‌ಸ್ಪೆಕ್ಟ್ರು ಸಾಯೇಬ್ರು!"

ಮೈಕು ಸತ್ತಿತು. ಯಾರೋ ವೈರು ಕಿತ್ತಿದ್ದರು. ದಾಸಪ್ಪನಿಗೆ ಮೈಕು ಯಾವ ಕಾಲಕ್ಕೆ ಬೇಕಿತ್ತು? ಆ ಗಂಟಲು ಮೈದಾನ ದಾಟಿ ರಸ್ತೆಗೂ ಕೇಳಿತು.

"ತಲೆಗೆ ಒಂದ್ ಕಲ್ಲೂ ಬಿದ್ದಿಲ್ಲ! ಅವ್ನವ್ವ ನೆತ್ತಿ ಮುಟ್ಟವ್ಳೆ, ನಾನು ಎದೆ ಮುಟ್ಟಿವ್ನಿ! ನಮ್ಮೋರು ಅನ್ನೊಂದ್ ಜನ ನನ್ ಮಗನ್ನ ಕೊಂದಿಲ್ಲ! ಕೊಂದಿಲ್ಲ ಕಣ್ರಪ್ಪೋ!"

ತಲೆ ತಗ್ಗಿಸಿದ್ದ ಪೇದೆಗಳು ತಲೆ ಎತ್ತಲಿಲ್ಲ. ಎತ್ತಲು ಹುಕುಂ ಆಗಿರಲಿಲ್ಲ. ದೊಡ್ಡ ಸಾಹೇಬರು ಕೈಯಲ್ಲಿದ್ದ ಕಾಗದವನ್ನೇ ನೋಡುತ್ತಿದ್ದರು. ಕ್ಯಾಮೆರಾದವರನ್ನು ಇಬ್ಬರು ಅಧಿಕಾರಿಗಳು ನಗುನಗುತ್ತಾ ತಿಂಡಿಯ ಕಡೆ ದಬ್ಬಿಕೊಂಡು ಹೋದರು. "ಮಗನ ದುಃಖಕ್ಕೆ ತಲೆ ಕೆಟ್ಟಿದೆ ಪಾಪ, ಆಸ್ಪತ್ರೆಗೆ ಕರ್ಕೊಂಡು ಹೋಗಿ" ಎಂದು ಅನಂತರಾಜು ಎಲ್ಲರಿಗೂ ಕೇಳುವಂತೆ ಹೇಳಿದ. ನಾಲ್ಕು ಜನ ದಾಸಪ್ಪನನ್ನು ಎತ್ತಿಕೊಂಡರು. ಅವನು ಕೊಸರಾಡಲಿಲ್ಲ. ಬರಿಗಾಲು ಗಾಳಿಯಲ್ಲಿ ತೂಗುತ್ತಾ ಜೀಪಿನೊಳಕ್ಕೆ ಹೋದ. ಅನಂತರಾಜು ಮುಂದೆ ಹತ್ತಿದ. ಮುನಿರಾಮಯ್ಯ ಆಗಲೇ ಎದ್ದು ತನ್ನ ಗಾಡಿಯ ಹತ್ತಿರ ನಿಂತು ಯಾರಿಗೋ ಫೋನು ಮಾಡುತ್ತಿದ್ದ.

ಭಾನುಪ್ರಿಯ ಮುಂಗೈ ಬಿಟ್ಟಳು. ಜೀಪು ಗೇಟು ದಾಟುವವರೆಗೂ ನೋಡಿದವಳು ತುಟಿ ಅಲುಗಿಸದೆ ಹೇಳಿದಳು:

"ಅಮ್ಮಾ, ಆಸ್ಪತ್ರೆ ಎಡಕ್ಕಿರೋದು. ಜೀಪು ಬಲಕ್ಕೆ ಹೋಯ್ತು. ಆ ಕಡೆ ಸ್ಟೇಷನ್ನೂ ಇಲ್ಲ, ಬರೀ ಬೆಟ್ಟ."

ಕೆಂಚಮ್ಮ ಅಳಲಿಲ್ಲ. ಅಳುವುದಕ್ಕೆ ಈಗ ಪುರುಸೊತ್ತಿರಲಿಲ್ಲ. ಗಡಿಯಾರ ನೋಡಲು ಅವಳಿಗೆ ಬಾರದು. ಗಂಟೆ ಎಷ್ಟು ತಾಯಿ, ಎಂದು ಕೇಳಿದಳು. ಹತ್ತೂಕಾಲು ಎಂದಳು ಭಾನುಪ್ರಿಯ. ಜೀಪಿನ ನಂಬರೂ ಕೇಳಿದಳು. ಭಾನುಪ್ರಿಯ ಸುತ್ತ ನೋಡಿ, ಮುದುಕಿಯ ಅಂಗೈ ಮೇಲೆ ಪೆನ್ನಿನಿಂದ ನಂಬರು ಬರೆದು ಬೆರಳುಗಳನ್ನು ಮಡಿಸಿದಳು.

ಚನ್ನಪಟ್ಟಣ ದಾಟಿ ಹೋಗುವ ಬಸ್ಸು ಹತ್ತಿ ಕೆಂಚಮ್ಮ ದೊಡ್ಡಮಳೂರಿನಲ್ಲಿ ಇಳಿದಳು. ಅಲ್ಲಿ ಅವಳ ಅಣ್ಣನ ಮನೆ. ಒಳಗೆ ಹೋಗಲಿಲ್ಲ. ಅಂಗಳದಾಚೆಯೇ ನಿಂತಳು. ಹೆಂಗಸರು ಸಾವು ಸಾರುವ ಪದ್ಧತಿ ಯಾವ ಕಾಲಕ್ಕೂ ಇರಲಿಲ್ಲ. ಆ ನಿಲುವು ಕಂಡದ್ದೇ ಅತ್ತಿಗೆ ಕೈಯ ಬಟ್ಟಲು ಕೆಳಗೆ ಹಾಕಿದಳು. ಅಕ್ಕಪಕ್ಕದ ಮನೆಯವರೂ ಹೊರಬಂದರು.

"ಯಾರೇ? ಅಯ್ಯೋ, ಯಾರ್ ಓದ್ರೇ ಕೆಂಚಿ?" ಎಂದ ಅಣ್ಣ.

ಕೆಂಚಮ್ಮ ಗಂಟಲು ಎತ್ತಿದಳು. ತನ್ನ ಗಂಟಲು ಇಷ್ಟು ದೊಡ್ಡದೆಂದು ಅವಳಿಗೇ ಗೊತ್ತಿರಲಿಲ್ಲ.

"ಯಾರೂ ಓಗಿಲ್ಲ! ನನ್ ಗಂಡ ದಾಸಪ್ಪ ಬದುಕವ್ನೆ! ಇವತ್ತು ಮಂಗಳ್ವಾರ, ಹತ್ತೂಕಾಲು ಗಂಟೆಗೆ ಪೊಲೀಸ್ ಜೀಪಿಗೆ ಹಾಕ್ದಾಗ ಬದುಕಿದ್ದ! ಕೈಕಾಲು ನೆಟ್ಟಗಿತ್ತು, ಬುದ್ದಿ ನೆಟ್ಟಗಿತ್ತು, ಮೈಮ್ಯಾಲೆ ಒಂದ್ ಗಾಯ ಇರ್ಲಿಲ್ಲ! ಕೆರೆಗೆ ಬೀಳೋ ಮನ್ಸ ಅಲ್ಲ, ನೇಣಾಕ್ಕಳೋ ಮನ್ಸ ಅಲ್ಲ! ನಂಬರ್ ಇಲ್ಲೈತೆ, ಬರ್‍ಕಳಿ! ಎಲ್ಲಾ ನೆಪ್ಪಲ್ ಇಟ್ಕಳಿ!"

ಬೆವರಿಗೆ ಕರಗುತ್ತಿದ್ದ ಅಂಗೈಯನ್ನು ಅವರ ಮುಂದೆ ಹಿಡಿದಳು. ಓದು ಬಲ್ಲ ಯಾರೋ ಒಂದೊಂದೇ ಅಂಕಿ ಕೂಗಿ ಹೇಳಿದರು. ಅತ್ತಿಗೆ ನೀರು ತಂದಳು. ಕೆಂಚಮ್ಮ ಮುಟ್ಟಲಿಲ್ಲ. ಹೊತ್ತು ಇಳಿಯುವುದರೊಳಗೆ ಸಾರಬೇಕಾದ ಊರು ಇನ್ನೂ ಆರು ಇದ್ದವು.